ಬಿಲ್ಲಿನ ಮೂಲೆಯ ಐವತ್ತು ರೂಪಾಯಿ

ಹಳೆಯ ಕರೆಂಟು ಬಿಲ್ಲುಗಳನ್ನು ಅಮ್ಮ ತಂತಿಗೆ ಚುಚ್ಚಿ ಅಡುಗೆಮನೆಯ ಬಾಗಿಲ ಹಿಂದೆ ತೂಗುಹಾಕಿದ್ದರು. ಈಚೆಗೆ ಅವನ್ನು ಬಿಡಿಸಿ ನೋಡುವಾಗ ಒಂದು ಸಾಲು ತಿಂಗಳು ತಿಂಗಳೂ ಕಣ್ಣಿಗೆ ಬಿತ್ತು. ಸೋಲಾರ್ ರಿಯಾಯಿತಿ: ಯೂನಿಟ್ಟಿಗೆ 50 ಪೈಸೆ, ತಿಂಗಳಿಗೆ ಹೆಚ್ಚೆಂದರೆ 50 ರೂಪಾಯಿ. ತಾರಸಿಯ ಮೇಲೆ ಬಿಸಿಲಲ್ಲಿ ನೀರು ಕಾಯಿಸುವ ಮನೆಗೆ ಮಾತ್ರ ಸಿಗುತ್ತಿದ್ದ ಸೋಡಿ ಅದು. ಮೊತ್ತ ಸಣ್ಣದು. ಆದರೆ ಆ ಸಾಲು ಬಿಲ್ಲಿನೊಳಗೆ ಬಂದು ಕೂರುವ ಮೊದಲು ಒಬ್ಬ ವಿಜ್ಞಾನಿ ಸರ್ಕಾರದ ಲೆಕ್ಕವನ್ನೇ ಪ್ರಶ್ನಿಸಬೇಕಾಯಿತು, ತಗಡು ತಾಮ್ರದ ಕೆಲಸದವರು ವರ್ಷಗಟ್ಟಲೆ ಬೆಸುಗೆ ಹಾಕಬೇಕಾಯಿತು, ಬ್ಯಾಂಕುಗಳು ಸಾಲ ಕೊಡಲು ಒಪ್ಪಬೇಕಾಯಿತು.

ಮೈಸೂರಿನ ಬಚ್ಚಲುಮನೆಯಲ್ಲಿ ಬಹುಕಾಲ ಆಳಿದ್ದು ತಾಮ್ರದ ಹಂಡೆ. ಗೋಡೆಗೆ ಹೊಂದಿಸಿ ಕಟ್ಟಿದ ಒಲೆ, ಹೊರಗಿನಿಂದ ಉರಿ ಹಾಕಲು ಒಂದು ಕಿಂಡಿ, ಸೌದೆ, ತೆಂಗಿನ ಗರಿ, ಕರಟ. ನೀರು ತುಂಬುವ ಹಬ್ಬದ ದಿನ ಹುಣಸೆಹಣ್ಣು ಹಚ್ಚಿ ತಿಕ್ಕಿದ ಹಂಡೆ ಹೊಸ ಕಾಸಿನಂತೆ ಹೊಳೆಯುತ್ತಿತ್ತು. ಉಳಿದ ದಿನಗಳಲ್ಲಿ ಅದರ ಹೊಟ್ಟೆಯೆಲ್ಲ ಮಸಿ. ಐದು ಗಂಟೆಗೇ ಎದ್ದು, ಹೊಗೆಗೆ ಕೆಮ್ಮುತ್ತ ಒಲೆ ಊದುತ್ತಿದ್ದವರು ಮನೆಯ ಹೆಂಗಸರು. ಹಂಡೆಯ ನೆನಪನ್ನು ಸವಿಯುವ ಬರಹಗಳಲ್ಲಿ ಈ ಕೆಮ್ಮು ಕೇಳಿಸುವುದು ಕಡಿಮೆ. ನನಗೆ ಅಜ್ಜಿಯ ನೆನಪಾದಾಗಲೆಲ್ಲ ಮೊದಲು ಕೇಳಿಸುವುದು ಅದೇ.

ಸೌದೆ ದುಬಾರಿಯಾದಂತೆ, ಮನೆಗಳು ಆರ್‌ಸಿಸಿ ತಾರಸಿಗೆ ಬದಲಾದಂತೆ ಒಲೆಗೂ ಹೊಗೆಗೂ ಜಾಗವಿಲ್ಲದಾಯಿತು. ಬಾಯ್ಲರ್ ಬಂತು, ಬಕೆಟ್ಟಿಗೆ ಇಳಿಬಿಡುವ ಕಾಯಿಲ್ ಬಂತು, ಕೊನೆಗೆ ಗೀಸರ್. ಗುಂಡಿ ಒತ್ತಿದರೆ ಸಾಕು. ಆದರೆ ನೀರು ಕಾಯಿಸುವುದು ಬಹಳ ವಿದ್ಯುತ್ ಬೇಡುವ ಕೆಲಸ. 100 ಲೀಟರ್ ನೀರಿನ ಬಿಸಿಯನ್ನು 35 ಡಿಗ್ರಿ ಏರಿಸಲು ಸುಮಾರು 4 ಯೂನಿಟ್ ಬೇಕು. ಅದಕ್ಕಿಂತ ದೊಡ್ಡ ತೊಂದರೆ ಎಂದರೆ ಊರಿನ ಎಲ್ಲರಿಗೂ ಬಿಸಿನೀರು ಬೇಕಾಗುವುದು ಬೆಳಗಿನ ಅದೇ ಎರಡು ಗಂಟೆಯಲ್ಲಿ.

ಇದರ ತೂಕ ಮೈಸೂರಿನವರಿಗೆ ತಿಳಿಯಬೇಕಾದರೆ ಶಿವನಸಮುದ್ರದ ಜಲವಿದ್ಯುತ್ ಕೇಂದ್ರವನ್ನೇ ಅಳತೆಗೋಲು ಮಾಡಿಕೊಳ್ಳಬಹುದು. 1902ರಲ್ಲಿ ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು. 1905ರಲ್ಲಿ ಬೆಂಗಳೂರಿಗೆ, 1908ರಲ್ಲಿ ನಮ್ಮ ಮೈಸೂರಿಗೆ. ಮುಂದೆ ಬೆಳೆದು ನಿಂತ ಆ ಕೇಂದ್ರದ ಒಟ್ಟು ಸ್ಥಾಪಿತ ಸಾಮರ್ಥ್ಯ 42 ಮೆಗಾವಾಟ್. ಮನೆಯ ಗೀಸರ್ ಒಂದು ಸಾಮಾನ್ಯವಾಗಿ 2 ಕಿಲೋವಾಟ್. ಅಂದರೆ 21,000 ಗೀಸರುಗಳು ಒಂದೇ ಹೊತ್ತಿಗೆ ಉರಿದರೆ ಇಡೀ ಶಿವನಸಮುದ್ರ ಅವಕ್ಕೇ ಸರಿಹೋಯಿತು. ಬೀದಿದೀಪಕ್ಕೆ, ಗಿರಣಿಗೆ, ನೀರೆತ್ತುವ ಪಂಪಿಗೆ ಏನೂ ಉಳಿಯುವುದಿಲ್ಲ.

ಈ ಲೆಕ್ಕವನ್ನು ರಾಜ್ಯಕ್ಕೆ ಎತ್ತಿ ತೋರಿಸಿದವರಲ್ಲಿ ಮುಖ್ಯರು ಅಮೂಲ್ಯ ರೆಡ್ಡಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಸಾಯನ ವಿಜ್ಞಾನಿಯಾಗಿದ್ದ ಅವರು 1974ರಲ್ಲಿ ಹಳ್ಳಿಗಾಡಿನ ತಂತ್ರಜ್ಞಾನಕ್ಕಾಗಿ ‘ಅಸ್ತ್ರ’ ಎಂಬ ಕೇಂದ್ರ ಕಟ್ಟಿದವರು. ಕಡಿಮೆ ಸೌದೆಯಲ್ಲಿ ಹೆಚ್ಚು ಕಾಯಿಸುವ ಅಸ್ತ್ರ ಒಲೆ ಅಲ್ಲಿಂದಲೇ ಬಂದದ್ದು. 1987ರಲ್ಲಿ ಕರ್ನಾಟಕ ಸರ್ಕಾರದ ಸಮಿತಿಯೊಂದು ವಿದ್ಯುತ್ ಯೋಜನೆಗಳ ದೀರ್ಘಾವಧಿ ನಕ್ಷೆ ಸಿದ್ಧಪಡಿಸಿತು. ಬೇಡಿಕೆ ಹೀಗೇ ಏರುತ್ತದೆ, ಆದ್ದರಿಂದ ಇಷ್ಟಿಷ್ಟು ಸ್ಥಾವರ ಬೇಕು ಎಂಬುದು ಅದರ ಧಾಟಿ. ರೆಡ್ಡಿ ಮತ್ತು ಸಂಗಡಿಗರು ಪ್ರಶ್ನೆಯನ್ನು ಇನ್ನೊಂದು ತುದಿಯಿಂದ ಹಿಡಿದರು. ಜನಕ್ಕೆ ಬೇಕಿರುವುದು ಕರೆಂಟೋ, ಬೆಳಕು ಮತ್ತು ಬಿಸಿನೀರೋ? ಬಿಸಿನೀರೇ ಆದರೆ ಅದನ್ನು ಕಡಿಮೆ ಖರ್ಚಿನಲ್ಲಿ ಕೊಡುವ ದಾರಿ ಯಾವುದು? 1991ರಲ್ಲಿ ಅವರು ಪ್ರಕಟಿಸಿದ ಬದಲಿ ಲೆಕ್ಕದಲ್ಲಿ ಗೀಸರಿನ ಜಾಗಕ್ಕೆ ಸೌರ ಜಲತಾಪಕ, ಬುರುಡೆ ದೀಪದ ಜಾಗಕ್ಕೆ ಸಿಎಫ್‌ಎಲ್ ಬಂದವು. ಹೀಗೆ ಮಾಡಿದರೆ 2000ನೇ ಇಸವಿಗೆ ಬೇಕಾಗುವ ವಿದ್ಯುತ್ತು ಸರ್ಕಾರದ ಅಂದಾಜಿನ ಐದರಲ್ಲಿ ಎರಡು ಪಾಲಿನಷ್ಟೇ ಎಂದು ತೋರಿಸಿದರು. ಸ್ನಾನದ ಬಿಸಿನೀರಿಗೆ ರಾಜ್ಯದ ವಿದ್ಯುತ್ ಯೋಜನೆಯಲ್ಲಿ ಒಂದು ಗಂಭೀರ ಜಾಗ ಸಿಕ್ಕಿದ್ದು ಆ ಲೆಕ್ಕದಲ್ಲಿ. ನಮ್ಮ ಬಿಲ್ಲಿನ ಸಾಲಿನ ಬೇರು ಅಲ್ಲಿದೆ ಎಂದು ನಾನು ನಂಬುತ್ತೇನೆ.

ಯಂತ್ರವೂ ಸರಳವಾದದ್ದೇ. ಗಾಜಿನ ಪೆಟ್ಟಿಗೆಯೊಳಗೆ ಕಪ್ಪು ಲೇಪದ ತಗಡು, ಅದಕ್ಕೆ ಅಂಟಿದ ತಾಮ್ರದ ಕೊಳವೆಗಳು, ಮೇಲೆ ಹೊದಿಕೆ ಸುತ್ತಿದ ಟ್ಯಾಂಕು. ಬಿಸಿಯಾದ ನೀರು ಹಗುರಾಗಿ ತಾನೇ ಮೇಲೇರುತ್ತದೆ, ತಣ್ಣೀರು ಭಾರಕ್ಕೆ ತಾನೇ ಕೆಳಗಿಳಿಯುತ್ತದೆ. ಪಂಪು ಬೇಡ, ತಂತಿ ಬೇಡ. ನಮ್ಮ ಸೀಮೆಯಲ್ಲಿ ಒಂದು ಚದರ ಮೀಟರಿಗೆ ದಿನಕ್ಕೆ ಸುಮಾರು 5 ಯೂನಿಟ್ಟಿನಷ್ಟು ಬಿಸಿಲು ಬೀಳುತ್ತದೆ. ಎರಡು ಚದರ ಮೀಟರಿನ ಪೆಟ್ಟಿಗೆ ಅದರ ಅರ್ಧವನ್ನು ಹಿಡಿದರೂ 100 ಲೀಟರ್ ನೀರು ಸಂಜೆಯೊಳಗೆ ಕಾದು ಬೆಳಗಿನವರೆಗೂ ಬಿಸಿಯಾಗಿರುತ್ತದೆ. ಮಾಘದ ಚಳಿಗೆ ಅದು ಅಂಜುವುದಿಲ್ಲ, ಆಗ ಆಕಾಶ ನಿರ್ಮಲ. ಅದು ಸೋಲುವುದು ಆಷಾಢದ ಮೋಡಕ್ಕೆ.

ಇದನ್ನು ಮಾಡಲು ದೊಡ್ಡ ಕಾರ್ಖಾನೆಯೇ ಬೇಕೆಂದಿರಲಿಲ್ಲ. ಹಾಗಾಗಿ ಈ ಉದ್ಯಮ ಕರ್ನಾಟಕದಲ್ಲಿ ಕೆಳಗಿನಿಂದ ಬೆಳೆಯಿತು. 1989ರಲ್ಲಿ ಬೆಂಗಳೂರಿನಲ್ಲಿ ಟಾಟಾ ಬಿಪಿ ಸೋಲಾರ್ ಶುರುವಾಯಿತು. 1992ರಲ್ಲಿ ಎಮ್ವಿ ಕಂಪನಿ ಬಂತು. ಅವುಗಳ ಸುತ್ತ ಅನೇಕ ಸಣ್ಣ ಕಾರ್ಖಾನೆಗಳು. ಬೆಸುಗೆ ಗೊತ್ತಿದ್ದವರು, ಟ್ಯಾಂಕು ಮಾಡುತ್ತಿದ್ದವರು ಈ ಕಸುಬಿಗೆ ಬಂದರು. ಸೋರುವ ಟ್ಯಾಂಕು, ಬಣ್ಣ ಉದುರುವ ತಗಡು ಕೂಡ ಮಾರುಕಟ್ಟೆಗೆ ಬಂದವು. ಭಾರತೀಯ ಮಾನಕ ಸಂಸ್ಥೆಯ ಐಎಸ್ 12933 ಮಾನದಂಡ ಒಳ್ಳೆಯ ಮಾಲನ್ನು ಬೇರ್ಪಡಿಸುವ ಜರಡಿಯಾಯಿತು.

ಆದರೂ ಮೊದಲ ಖರ್ಚು ಜನರನ್ನು ಹಿಂದಕ್ಕೆ ತಳ್ಳುತ್ತಿತ್ತು. ಗೀಸರಿಗೆ ಕೊಡುವುದರ ಹಲವು ಪಟ್ಟು ಹಣವನ್ನು ಒಂದೇ ಸಲ ಎಣಿಸಬೇಕು, ಉಳಿತಾಯವೋ ತಿಂಗಳು ತಿಂಗಳು ಚಿಲ್ಲರೆಯಾಗಿ ಬರುತ್ತದೆ. ಅಲ್ಲಿಗೆ ಸರ್ಕಾರ ಕೈಹಾಕಿತು. 2005ರ ಸುಮಾರಿಗೆ ಕೇಂದ್ರದ ನೆರವಿನಿಂದ ಬ್ಯಾಂಕುಗಳು ಮನೆಯವರಿಗೆ ಶೇ 2ರ ಬಡ್ಡಿಗೆ ಸೋಲಾರ್ ಸಾಲ ಕೊಟ್ಟವು. 2005ರ ಏಪ್ರಿಲ್‌ನಲ್ಲಿ ಮೈಸೂರನ್ನೇ ಕೇಂದ್ರವಾಗಿಸಿಕೊಂಡು ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ, ನಮ್ಮ ಬಾಯಲ್ಲಿ ಸೆಸ್ಕ್, ಕೆಲಸ ಆರಂಭಿಸಿತು. ಅದು ಪಾಲಿಸಬೇಕಾದ ವಿದ್ಯುತ್ ನಿಯಂತ್ರಣ ಆಯೋಗದ ದರಪಟ್ಟಿಯಲ್ಲಿ ಆ 50 ಪೈಸೆಯ ರಿಯಾಯಿತಿ ಇತ್ತು. 2007ರ ನವೆಂಬರ್ 13ರ ರಾಜ್ಯ ಸರ್ಕಾರದ ಆದೇಶ ಇನ್ನೂ ಮುಂದೆ ಹೋಯಿತು. ನಗರ ವ್ಯಾಪ್ತಿಯಲ್ಲಿ 600 ಚದರ ಅಡಿಗಿಂತ ದೊಡ್ಡ ಹೊಸ ಮನೆಗೆ, ಆಸ್ಪತ್ರೆಗೆ, ಹೋಟೆಲಿಗೆ ಸೌರ ಜಲತಾಪಕ ಕಡ್ಡಾಯ.

ಆದೇಶಗಳು ಎಷ್ಟೋ ಬರುತ್ತವೆ. ಇದು ನಿಂತದ್ದು ಅದನ್ನು ಕಟ್ಟಿಹಾಕಿದ ಜಾಗದಿಂದ. ಮನೆ ಕಟ್ಟುವಾಗ ಪಡೆದ ತಾತ್ಕಾಲಿಕ ಸಂಪರ್ಕ ಕಾಯಂ ಆಗಬೇಕಾದರೆ ಎಲ್ಲರೂ ವಿದ್ಯುತ್ ಕಚೇರಿಯ ಮೆಟ್ಟಿಲು ಹತ್ತಲೇಬೇಕು. “ಸೋಲಾರ್ ಹಾಕ್ಸಿದ್ದೀರಾ ಸಾರ್? ಅದಿಲ್ದೆ ಮೀಟರ್ ಆಗಲ್ಲ” ಎಂಬ ಮಾತು ಕುವೆಂಪುನಗರದಿಂದ ವಿಜಯನಗರದವರೆಗೆ ಮನೆ ಕಟ್ಟಿದ ಎಷ್ಟೋ ಜನರ ಕಿವಿಗೆ ಬಿದ್ದಿದೆ. ಗುತ್ತಿಗೆದಾರರು ಅಂದಾಜು ಪಟ್ಟಿಯಲ್ಲೇ ಸೋಲಾರ್ ಸೇರಿಸಿದರು. ಪ್ಲಂಬರುಗಳು ಬಿಸಿನೀರಿನ ಕೊಳವೆಯನ್ನು ತಾರಸಿಯಿಂದಲೇ ಇಳಿಸಲು ಕಲಿತರು. ಕಂಪನಿಗಳಿಗೆ ಖಾತ್ರಿಯ ಮಾರುಕಟ್ಟೆ ಸಿಕ್ಕಿತು. ಸೌರ ಜಲತಾಪಕಗಳಲ್ಲಿ ಕರ್ನಾಟಕ ದೇಶದಲ್ಲೇ ಮುಂದಿರುವುದಕ್ಕೆ ಬಿಸಿಲಿಗಿಂತ ಈ ಮೀಟರಿನ ಗಂಟೇ ದೊಡ್ಡ ಕಾರಣ. ಬಿಸಿಲು ರಾಜಸ್ಥಾನದಲ್ಲಿ ನಮಗಿಂತ ಹೆಚ್ಚಿದೆ.

ಕೇಂದ್ರದ ಸೌರ ನಗರ ಯೋಜನೆಗೆ ರಾಜ್ಯದಿಂದ ಆಯ್ಕೆಯಾದದ್ದು ಮೈಸೂರು ಮತ್ತು ಹುಬ್ಬಳ್ಳಿ–ಧಾರವಾಡ. ಐದು ವರ್ಷದಲ್ಲಿ ಸಾಂಪ್ರದಾಯಿಕ ಇಂಧನದ ಬೇಡಿಕೆಯನ್ನು ಶೇ 10ರಷ್ಟು ತಗ್ಗಿಸುವುದು ಅದರ ಗುರಿಯಾಗಿತ್ತು. ಅಷ್ಟರಲ್ಲಿ ಚೀನಾದ ಗಾಜಿನ ಕೊಳವೆಗಳು ಅಗ್ಗವಾಗಿ ಬಂದು ತಾಮ್ರದ ಪೆಟ್ಟಿಗೆಗಳನ್ನು ಹಿಂದೆ ಹಾಕಿದವು. ಇಂದು ಇಲ್ಲಿನ ಬಾಡಿಗೆ ಮನೆಯ ಬೋರ್ಡಿನಲ್ಲಿ ಕಾವೇರಿ ನೀರಿನ ಜೊತೆಗೇ ‘ಸೋಲಾರ್ ಇದೆ’ ಎಂದು ಬರೆದಿರುತ್ತಾರೆ.

ಈ ಕಥೆಯಲ್ಲಿ ನನಗೆ ನೋವಾಗುವ ಜಾಗಗಳೂ ಇವೆ. ಕಡ್ಡಾಯ ಮಾಡಿದ್ದು ಹಾಕಿಸುವುದನ್ನು, ನಡೆಸುವುದನ್ನಲ್ಲ. ಬೋರ್‌ವೆಲ್ಲಿನ ಗಡಸು ನೀರು ಬಳಸುವ ಮನೆಗಳಲ್ಲಿ ನಾಲ್ಕಾರು ವರ್ಷಕ್ಕೆ ಕೊಳವೆಯೊಳಗೆ ಸುಣ್ಣ ಕಟ್ಟುತ್ತದೆ. ಆಸಿಡ್ ಹಾಕಿ ತೊಳೆಸುವವರಿಲ್ಲದೆ ಯಂತ್ರ ತುಕ್ಕು ಹಿಡಿಯುತ್ತದೆ, ಕೆಳಗೆ ಗೀಸರ್ ಮತ್ತೆ ಉರಿಯುತ್ತದೆ. ಮೋಡದ ದಿನಕ್ಕೆಂದು ಟ್ಯಾಂಕಿನಲ್ಲಿಟ್ಟ ವಿದ್ಯುತ್ ಕಾಯಿಲನ್ನು ರಾತ್ರಿಯಿಡೀ ಹಾಕಿಟ್ಟರೆ ಬಿಸಿಲ ಉಳಿತಾಯವೆಲ್ಲ ಕರಗಿತು. ವಠಾರಗಳಲ್ಲಿ, ಸಣ್ಣ ಆಶ್ರಯ ಮನೆಗಳಲ್ಲಿ ಇರುವವರಿಗೆ ಈ ಆದೇಶ ತಟ್ಟಲೇ ಇಲ್ಲ. ಸೌದೆಯ ಹೊಗೆ ಹೆಚ್ಚು ಕುಡಿದವರು ಅವರೇ. 2014ರಲ್ಲಿ ಕೇಂದ್ರದ ಸಹಾಯಧನವೂ ನಿಂತಿತು.

2023ರಲ್ಲಿ ರಾಜ್ಯ ಸರ್ಕಾರದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿ ಬಂತು. ತಿಂಗಳ ಕೊನೆಯ ಬಿಲ್ಲಿಗೆ ಹೆದರುತ್ತಿದ್ದ ಮನೆಗಳಿಗೆ ಅದು ನಿಜವಾದ ನೆಮ್ಮದಿ. ಆದರೆ ಉಚಿತದ ಮಿತಿ ನಿಗದಿಯಾದದ್ದು ಹಿಂದಿನ ವರ್ಷದ ಸರಾಸರಿ ಬಳಕೆಯ ಮೇಲೆ. ಬಿಸಿಲಲ್ಲಿ ನೀರು ಕಾಯಿಸಿ ಕಡಿಮೆ ಬಳಸಿದ ಮನೆಗೆ ಮಿತಿಯೂ ಕಡಿಮೆಯಾಯಿತು, ಗೀಸರ್ ಉರಿಸಿದ ಮನೆಗೆ ಹೆಚ್ಚಾಯಿತು. ಸೊನ್ನೆ ಬಿಲ್ಲಿನಲ್ಲಿ 50 ರೂಪಾಯಿಯ ರಿಯಾಯಿತಿ ಯಾವುದರಿಂದ ಕಳೆಯಬೇಕು? ಮರುವರ್ಷ ಬಿಸಿಲಿನಿಂದ ವಿದ್ಯುತ್ ಮಾಡುವ ತಾರಸಿ ಫಲಕಗಳಿಗೆ ಕೇಂದ್ರದ ಪಿಎಂ ಸೂರ್ಯ ಘರ್ ಯೋಜನೆಯ ಸಹಾಯಧನ ಬಂತು, ಈಗ ಎಲ್ಲರ ಕಣ್ಣೂ ಆ ಫಲಕಗಳ ಮೇಲೆ.

ಕಳೆದ ತಿಂಗಳು ಪಕ್ಕದ ಮನೆಯ ಮೇಷ್ಟ್ರು ಹಳೆಯ ಜಲತಾಪಕ ಕಿತ್ತು ಆ ಜಾಗಕ್ಕೆ ಫಲಕ ಕೂರಿಸುವುದೆಂದು ಹೊರಟಿದ್ದರು. “ಬಂದು ಒಂದು ಸಲ ನೋಡಿ, ಆಮೇಲೆ ಅಡ್ವಾನ್ಸ್ ಕೊಡ್ತೀನಿ” ಎಂದರು. ಮೆಟ್ಟಿಲು ಹತ್ತಿ ಹೋದೆ. ಫಲಕ ತನ್ನ ಮೇಲೆ ಬಿದ್ದ ಬಿಸಿಲಲ್ಲಿ ಐದರ ಒಂದು ಪಾಲನ್ನು ವಿದ್ಯುತ್ ಮಾಡುತ್ತದೆ, ಜಲತಾಪಕ ಅರ್ಧದಷ್ಟನ್ನು ನೇರ ನೀರಿಗೆ ಇಳಿಸುತ್ತದೆ, ಬರೀ ಸ್ನಾನಕ್ಕಾದರೆ ಇಷ್ಟೇ ಜಾಗದಲ್ಲಿ ಇದೇ ಲಾಭ ಎಂದೆ. ಅವರು ಒಳಗೆ ಹೋಗಿ ಟೇಪು ತಂದರು. ತಾರಸಿಯ ಉದ್ದಗಲ ಅಳೆದೆವು. ಬಟ್ಟೆ ಒಣಗಿಸುವ ತಂತಿಯನ್ನು ಪೂರ್ವದ ಗೋಡೆಗೆ ಸರಿಸಿದರೆ ಎರಡಕ್ಕೂ ಜಾಗವಿತ್ತು. ಸುಣ್ಣ ತೊಳೆಯುವವನಿಗೆ ಅಲ್ಲಿಂದಲೇ ಫೋನ್ ಮಾಡಿದರು. ಭಾನುವಾರ ಬರುತ್ತೇನೆ, ನೀರು ಮೊದಲೇ ಖಾಲಿ ಮಾಡಿಟ್ಟಿರಿ ಎಂದನಂತೆ.