ನಂಜಿನ ಪಾಠಾಂತರಗಳು

ಬೆಂಡೆಯ ಎಲೆಯಲ್ಲಿ ನರಗಳು ಹಳದಿಗಟ್ಟುವ ಬೇನೆಯನ್ನು ನಮ್ಮ ಒಕ್ಕಲಿಗರು 'ಹಳದಿ ನಂಜುರೋಗ'ವೆಂದು ಕರೆಯುವರು. ಇಂತಹ ರೋಗಗಳ ಕಾರಣವನ್ನು ಪಾಶ್ಚಾತ್ಯ ಶಾಸ್ತ್ರಜ್ಞರು 'ವೈರಸ್' ಎನ್ನುವರು. ಈ ಲ್ಯಾಟಿನ್ ಶಬ್ದಕ್ಕೂ ವಿಷವೆಂದೇ ಅರ್ಥ. ಸಂಸ್ಕೃತದ 'ವಿಷ'ವೂ ಇದೂ ಏಕಮೂಲಗಳೆಂಬುದು ಭಾಷಾಶಾಸ್ತ್ರಜ್ಞರ ಮತ. ಮೂರು ನುಡಿಗಳು ಒಂದನ್ನೇ ಹೇಳುತ್ತಿದ್ದರೂ ಹೆಸರಿನಿಂದ ವಸ್ತುಸ್ವರೂಪವು ತಿಳಿಯದು. ವಿಷವು ತನ್ನಂತಹ ಇನ್ನೊಂದನ್ನು ಹುಟ್ಟಿಸಲಾರದು. ವೈರಸ್ಸಾದರೋ ಗಿಡದ ಜೀವಕೋಶವನ್ನು ಹೊಕ್ಕು, ಅಲ್ಲಿಯ ಸಾಮಗ್ರಿಯಿಂದಲೇ ತನ್ನ ಪ್ರತಿಗಳನ್ನು ಮಾಡಿಸಿಕೊಳ್ಳುವುದು. ಆದಕಾರಣ ಅದನ್ನು ವಿಷವೆನ್ನುವುದಕ್ಕಿಂತ ಬರಹವೆಂದು ಭಾವಿಸುವುದು ಯುಕ್ತ. ಗ್ರಂಥಸಂಪಾದನೆಯ ಪರಿಚಯವುಳ್ಳ ವಾಚಕರಿಗೆ ಅದರ ವೈವಿಧ್ಯವೂ ವಿಕಾಸವೂ ಆಗ ಸುಲಭವಾಗಿ ತಿಳಿಯುವುವು.

ಉದಾಹರಣೆಗಾಗಿ ಟೊಮೇಟೊ ಗಿಡದ ಎಲೆ ಮುದುರುವ ರೋಗವನ್ನು ತೆಗೆದುಕೊಳ್ಳೋಣ. ಭಾರತದಲ್ಲಿ ಇದನ್ನು 1948ರಲ್ಲಿ ವಾಸುದೇವ ಮತ್ತು ಸ್ಯಾಮ್‌ರಾಜ್ ಎಂಬ ವಿದ್ವಾಂಸರು ವರ್ಣಿಸಿದರು. ಇದರ ಕಾರಣವು 'ಬೆಗೊಮೊವೈರಸ್' ಎಂಬ ಗಣಕ್ಕೆ ಸೇರಿದುದು. ಬಿಳಿ ನೊಣವು ಗಿಡದಿಂದ ಗಿಡಕ್ಕೆ ಇದನ್ನು ಒಯ್ಯುವುದು. ಈ ಬರಹದ ಲಿಪಿಯಲ್ಲಿ ಇರುವುವು ನಾಲ್ಕೇ ಅಕ್ಷರಗಳು. ಗ್ರಂಥದ ಪರಿಮಾಣವು ಸುಮಾರು 2,800 ಅಕ್ಷರಗಳು. ಅದು ಬಳೆಯಂತೆ ಆದ್ಯಂತಗಳಿಲ್ಲದ ಒಂದು ಸುತ್ತಾಗಿರುವುದು. ಕೆಲವು ವೈರಸ್ಸುಗಳಲ್ಲಿ ಗ್ರಂಥವು ಎರಡು ಸುತ್ತುಗಳಾಗಿ, ಎರಡು ಸಂಪುಟಗಳಂತೆ, ಇರುವುದುಂಟು.

ಓಲೆಯ ಪ್ರತಿಯನ್ನು ಎತ್ತಿ ಬರೆಯುವಾಗ ಲಿಪಿಕಾರನ ಕೈ ತಪ್ಪುವಂತೆ ಇಲ್ಲಿಯೂ ಅಕ್ಷರಗಳು ತಪ್ಪುವುವು. ಟೊಮೇಟೊದ ಹಳದಿ ಎಲೆ ಮುದುರುವ ವೈರಸ್ಸಿನ ಪಾಠಗಳನ್ನು ಹೋಲಿಸಿ, 2008ರಲ್ಲಿ ಡಫಿ ಮತ್ತು ಹೋಮ್ಸ್ ಎಂಬವರು ಈ ವ್ಯತ್ಯಾಸದ ವೇಗವನ್ನು ಎಣಿಸಿದರು. ಅದು ಹತ್ತು ಸಾವಿರ ಅಕ್ಷರಗಳಿಗೆ ವರ್ಷಕ್ಕೆ ಸುಮಾರು ಮೂರು. ಎಂದರೆ, ಒಂದು ಶಾಖೆಯು ಒಂದೆರಡು ವರ್ಷಗಳಿಗೆ ಒಂದಕ್ಷರದಂತೆ ಬದಲಾಗುತ್ತ ಹೋಗುವುದು.

ಎರಡನೆಯ ಕಾರಣವು ಪಾಠಸಾಂಕರ್ಯ. ಲಿಪಿಕಾರನು ಎರಡು ಮಾತೃಕೆಗಳನ್ನು ಮುಂದಿಟ್ಟುಕೊಂಡು ಒಂದರ ಪೂರ್ವಾರ್ಧವನ್ನೂ ಇನ್ನೊಂದರ ಉತ್ತರಾರ್ಧವನ್ನೂ ಬರೆದರೆ ಮಿಶ್ರಪ್ರತಿಯು ಹುಟ್ಟುವಂತೆ, ಒಂದೇ ಗಿಡದಲ್ಲಿ ಎರಡು ವೈರಸ್ಸುಗಳು ಸೇರಿದಾಗ ಇವೆರಡರ ಭಾಗಗಳುಳ್ಳ ಮೂರನೆಯದು ಹುಟ್ಟಬಹುದು. ಸ್ಪೇನ್ ದೇಶದಲ್ಲಿ ಹೀಗೆಯೇ ಆಯಿತು. ಅಲ್ಲಿದ್ದ ಎರಡು ಟೊಮೇಟೊ ವೈರಸ್ಸುಗಳ ಸಂಕರದಿಂದ ಹುಟ್ಟಿದ ಒಂದು ಹೊಸ ರೂಪವು 2002ರಲ್ಲಿ ಪ್ರಕಟವಾಯಿತು. ಅದರ ರೋಗಗುಣವು ತಾಯಿತಂದೆಗಳೆರಡರಿಂದಲೂ ಭಿನ್ನವಾಗಿತ್ತು. ಅದು ಅಲ್ಲಿ ಹೆಚ್ಚುತ್ತಲೂ ಇದ್ದಿತು.

ಮೂರನೆಯದು ಪರಿಶಿಷ್ಟದ ಸೇರ್ಪಡೆ. ಮೂಲ ವೈರಸ್ಸಿನ ಅರ್ಧದಷ್ಟು ಮಾತ್ರ ಉದ್ದವಾದ, ಅದನ್ನು ಆಶ್ರಯಿಸಿಯೇ ಬಾಳುವ 'ಉಪಗ್ರಹ'ವೆಂಬ ಬರಹವುಂಟು. ಇದು ಗಿಡದ ರಕ್ಷಣಾಶಕ್ತಿಯನ್ನು ಕುಗ್ಗಿಸಿ ರೋಗವನ್ನು ಉಲ್ಬಣಗೊಳಿಸುವುದು. ಮುಂಬಯಿ ಪ್ರಾಂತದಲ್ಲಿ 1924ರಲ್ಲಿಯೇ ವರದಿಯಾದ ಬೆಂಡೆಯ ನಂಜಿಗೆ ಇಂತಹ ಜೋಡಿಯೇ ಕಾರಣವೆಂದು 2003ರಲ್ಲಿ ತಿಳಿದುಬಂದಿತು. ಅದೇ ವರ್ಷ ಸಾಹಿತ್ಯರಸಿಕರಿಗೆ ಪ್ರಿಯವಾಗುವ ಇನ್ನೊಂದು ಸಂಗತಿಯೂ ಬೆಳಕಿಗೆ ಬಂದಿತು. ಜಪಾನಿನ ಪ್ರಾಚೀನ ಸಂಕಲನವಾದ 'ಮನ್‌ಯೋಶು'ವಿನಲ್ಲಿ, ಬೇಸಗೆಯಲ್ಲಿಯೇ ಹಳದಿಗಟ್ಟಿದ ಗಿಡವೊಂದನ್ನು ಕುರಿತು ಸಾಮ್ರಾಜ್ಞಿ ಕೋಕೆನ್ 752ರಲ್ಲಿ ರಚಿಸಿದ ಕವಿತೆಯಿದೆ. ಆ ಜಾತಿಯ ಗಿಡದ ಹಳದಿಬಣ್ಣಕ್ಕೂ ಬೆಗೊಮೊವೈರಸ್ಸು ಮತ್ತು ಉಪಗ್ರಹಗಳ ಜೋಡಿಯೇ ಕಾರಣವೆಂದು ಪ್ರಯೋಗದಿಂದ ಸಿದ್ಧವಾಯಿತು. ಸಸ್ಯವೈರಸ್ ರೋಗದ ಅತ್ಯಂತ ಹಳೆಯ ಲಿಖಿತ ಸಾಕ್ಷ್ಯವು ಹೀಗೆ ಕಾವ್ಯದಲ್ಲಿಯೇ ದೊರೆತಂತಾಯಿತು.

ಆದರೆ ಈ ಸಾದೃಶ್ಯಕ್ಕೆ ಒಂದು ಎಲ್ಲೆಯುಂಟು. ಸಂಪಾದಕನು ಅಪಪಾಠಗಳನ್ನು ತೆಗೆದು ಕವಿಯ ಮೂಲಪಾಠವನ್ನು ಅರಸುವನು. ಇಲ್ಲಿ ಕವಿಯೂ ಇಲ್ಲ, ಶುದ್ಧಪಾಠವೂ ಇಲ್ಲ. ಗಿಡದಲ್ಲಿ ವೃದ್ಧಿಹೊಂದಿ ನೊಣದ ಮೂಲಕ ಮುಂದಿನ ಗಿಡವನ್ನು ಸೇರಬಲ್ಲ ಪಾಠವೇ ಉಳಿಯುವುದು. ಬಹುಪಾಲು ತಪ್ಪುಗಳು ಅಳಿಯುವುವು. ಅಪರೂಪಕ್ಕೊಂದು ತಪ್ಪು ಗೆಲ್ಲುವುದು. ವಿಕಾಸವೆಂಬುದು ಇದೇ.

ಇದರಿಂದ ಬೇಸಾಯಕ್ಕೆ ಒದಗುವ ತೊಡಕು ಸಣ್ಣದಲ್ಲ. ಕಣ್ಣಿಗೆ ಕಾಣುವ ಲಕ್ಷಣವು ಒಂದೇ ಆದರೂ ಕಾರಣಗಳು ಹಲವು. ಬೆಂಗಳೂರು, ಕರ್ನಾಟಕ, ನವದೆಹಲಿ ಎಂಬ ಹೆಸರುಗಳನ್ನು ಹೊತ್ತ ಟೊಮೇಟೊ ವೈರಸ್ಸುಗಳು ಬೇರೆಬೇರೆ ಪ್ರಭೇದಗಳು. ಪಾಠಗಳ ಸಾಮ್ಯವು ನೂರಕ್ಕೆ 91ಕ್ಕಿಂತ ಕಡಿಮೆಯಾದರೆ ಪ್ರಭೇದವೇ ಬೇರೆಯೆಂಬುದು 2015ರಲ್ಲಿ ನಿಗದಿಯಾದ ನಿಯಮ. ನವದೆಹಲಿಯ ಹೆಸರಿನದು 2012ರಲ್ಲಿ ಸ್ಪೇನನ್ನು ಮುಟ್ಟಿ, ಅಲ್ಲಿ ಕುಂಬಳದ ಕುಲದ ತರಕಾರಿಯನ್ನು ಹಿಡಿಯಿತು.

ತಳಿಕಾರರು ಕಾಡು ಟೊಮೇಟೊಗಳ ಗುಣವನ್ನು ಬೆರೆಸಿ ರೋಗವನ್ನು ತಡೆಯುವ ತಳಿಗಳನ್ನು ಪಡೆದಿರುವರು. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ನಂದಿ, ಸಂಕ್ರಾಂತಿ, ವೈಭವ ಎಂಬ ತಳಿಗಳು ಎಲೆ ಮುದುರುವ ರೋಗವನ್ನು ಎದುರಿಸಲೆಂದೇ ಬಂದವು. ಆದರೆ ಒಂದು ಪಾಠದೆದುರು ಪರೀಕ್ಷಿತವಾದ ತಳಿಯು ಎಲ್ಲ ಪಾಠಗಳೆದುರೂ ನಿಲ್ಲುವುದೆಂದು ನಂಬಲಾಗದು. ಒಂದೇ ಪ್ರತಿಯನ್ನು ನೋಡಿ ಗ್ರಂಥವನ್ನು ನಿರ್ಣಯಿಸುವುದು ಸಂಪಾದಕನಿಗೆ ಸಲ್ಲದಂತೆ, ಒಂದೇ ಹೊಲದ ಎಲೆಯನ್ನು ನೋಡಿ ನಂಜನ್ನು ನಿರ್ಣಯಿಸುವುದೂ ಸಲ್ಲದು. ಊರೂರಿನ ಪ್ರತಿಗಳನ್ನು ಕೂಡಿಸಿ, ಕಾಲಕಾಲಕ್ಕೆ ಹೋಲಿಸುತ್ತಿರಬೇಕು. ನಮ್ಮ ಹಸ್ತಪ್ರತಿಗಳ ಸಂಪಾದನೆಯನ್ನು ಒಮ್ಮೆ ಮುಗಿಸಬಹುದು, ಏಕೆಂದರೆ ಅವುಗಳ ಲಿಪಿಕಾರರು ಕೈಬಿಟ್ಟು ಬಹುಕಾಲವಾಯಿತು. ಈ ಗ್ರಂಥದ ಲಿಪಿಕಾರನು ಇಂದಿಗೂ ಬರೆಯುತ್ತಲೇ ಇರುವನು.