ಹಳೇ ವಿಳಾಸದ ಬಾಡಿಗೆ

ಶಿರಸಿಯಿಂದ ಚಿಕ್ಕಮ್ಮ ಫೋನ್ ಮಾಡಿದಾಗ ಅಪ್ಪೆಮಿಡಿಯ ಕಾಲ. ಹಿಂದೆ ಎಲ್ಲೋ ಒಗ್ಗರಣೆ ಸಿಡಿಯುವ ಸದ್ದು. ಕುಶಲ ಕೇಳುವ ಮೊದಲೇ ವಿಷಯಕ್ಕೆ ಬಂದಳು: "ತಮಾ, ಯನ್ನ ಅಪ್ಪೆಹುಳಿ ಎಲ್ಲಿ ಹೋತು? ಗೂಗಲಲ್ಲಿ ಹುಡುಕಿದ್ರೆ ಸಿಕ್ತೇ ಇಲ್ಲೆ."

ಹನ್ನೊಂದು ವರ್ಷದಿಂದ ಅವಳು ಮಲೆನಾಡಿನ ಅಡುಗೆಯನ್ನು ಜಾಲತಾಣದಲ್ಲಿ ಬರೆಯುತ್ತಿದ್ದಾಳೆ. ತಂಬುಳಿ, ಗೊಜ್ಜು, ತೊಡದೇವು, ಹಲಸಿನ ಕಡುಬು. ಅಳತೆಯೆಲ್ಲ ಸೌಟು, ಕುಡ್ತೆಗಳಲ್ಲಿ. ಅದರಲ್ಲಿ ಹೆಚ್ಚು ಓದುಗರನ್ನು ಕಂಡದ್ದು ಅಪ್ಪೆಹುಳಿಯ ಪುಟ. ಊರು ಬಿಟ್ಟು ಹೋದವರು ಬೇಸಿಗೆ ಬಂತೆಂದರೆ ಅದನ್ನೇ ಹುಡುಕಿ ಬರುತ್ತಿದ್ದರು. ಬೇರೆ ಬೇರೆ ಬ್ಲಾಗುಗಳವರು ತಮ್ಮ ಬರಹದಲ್ಲಿ ಆ ಪುಟಕ್ಕೆ ಲಿಂಕ್ ಕೊಟ್ಟಿದ್ದರು. ಹುಡುಕಿದರೆ ಮೊದಲ ಸಾಲುಗಳಲ್ಲೇ ಕಾಣುತ್ತಿತ್ತು.

ಕಳೆದ ಚಳಿಗಾಲದಲ್ಲಿ ಅವಳು ತಾಣಕ್ಕೆ ಹೊಸ ಹೆಸರಿಟ್ಟಳು, ಹೊಸ ವಿನ್ಯಾಸ ಮಾಡಿಸಿದಳು. ಮಾಡಿಕೊಟ್ಟವರು ಕೆಲಸ ಬಲ್ಲವರೇ. ಮೊಬೈಲಿನಲ್ಲಿ ಓದಲು ಹಿತವಾಗಿತ್ತು, ಚಿತ್ರಗಳು ಬೇಗ ಮೂಡುತ್ತಿದ್ದವು. ಹಳೇ ವಿಳಾಸದ ಮೇಲೆ ಮಾತ್ರ ಒಂದೇ ಒಂದು ಸಾಲಿನ ಆಜ್ಞೆ ಬರೆದಿದ್ದರು: ಯಾವ ಪುಟ ಕೇಳಿಕೊಂಡು ಯಾರೇ ಬರಲಿ, ಹೊಸ ತಾಣದ ಮುಖಪುಟಕ್ಕೆ ಕಳಿಸು. ಎರಡು ತಿಂಗಳಲ್ಲಿ ಅಪ್ಪೆಹುಳಿ ಹುಡುಕಾಟದಿಂದ ಮರೆಯಾಯಿತು. ತಂಬುಳಿಗಳೂ ಹೋದವು.

ಜಾಲತಾಣಗಳ ಕೆಲಸವನ್ನೇ ಹೊಟ್ಟೆಪಾಡಿಗೆ ಮಾಡುವವನಾದ್ದರಿಂದ ಇಂಥ ಫೋನುಗಳು ನನಗೆ ಹೊಸತಲ್ಲ. ಆದರೆ ಹನ್ನೊಂದು ವರ್ಷ ಒಲೆಯ ಮುಂದೆ ನಿಂತು ಮಾಡಿ, ರುಚಿ ನೋಡಿ, ಆಮೇಲೆ ಬರೆದ ಬರಹ ಒಂದು ಸಾಲಿನ ಅವಸರಕ್ಕೆ ಕಾಣೆಯಾದದ್ದು ನನಗೆ ನಿಜಕ್ಕೂ ಸಂಕಟ ತಂದಿತು.

ಬ್ರೌಸರ್ ಒಂದು ಪುಟ ಕೇಳಿದಾಗ ಸರ್ವರ್ ಪುಟದ ಜೊತೆಗೆ ಮೂರಂಕಿಯ ಒಂದು ಸಂಖ್ಯೆಯನ್ನೂ ಕಳಿಸುತ್ತದೆ. ನಮ್ಮ ಕಣ್ಣಿಗೆ ಅದು ಬೀಳುವುದಿಲ್ಲ. 200 ಬಂದರೆ ಪುಟ ಇದೆ. 404 ಬಂದರೆ ಇಲ್ಲ. 301 ಬಂದರೆ ಪುಟ ಶಾಶ್ವತವಾಗಿ ಬೇರೆ ಕಡೆ ಹೋಗಿದೆ, ಹೊಸ ವಿಳಾಸ ಇದು ಎಂದರ್ಥ. 302 ಎಂದರೆ ಸದ್ಯಕ್ಕೆ ಅಲ್ಲಿದೆ, ಮತ್ತೆ ಇಲ್ಲಿಗೇ ಬರುತ್ತದೆ. ಓದುವವರಿಗೆ ಎರಡರಲ್ಲೂ ವ್ಯತ್ಯಾಸ ಗೊತ್ತಾಗುವುದಿಲ್ಲ, ಕಣ್ಣು ಮಿಟುಕಿಸುವುದರೊಳಗೆ ಹೊಸ ಪುಟ ತೆರೆದಿರುತ್ತದೆ. ಸರ್ಚ್ ಎಂಜಿನ್ನಿಗೆ ಮಾತ್ರ ಎರಡೂ ಬೇರೆ ಮಾತು. 301 ಕಂಡರೆ ಗೂಗಲ್ ಹಳೇ ವಿಳಾಸವನ್ನು ಬಿಟ್ಟು ಹೊಸದನ್ನು ತನ್ನ ಪಟ್ಟಿಗೆ ಸೇರಿಸಿಕೊಳ್ಳಲು ಅದನ್ನು ಬಲವಾದ ಸೂಚನೆಯಾಗಿ ತೆಗೆದುಕೊಳ್ಳುತ್ತದೆ. 302 ದುರ್ಬಲ ಸೂಚನೆ. ಹುಡುಕಾಟದಲ್ಲಿ ಹಳೇ ವಿಳಾಸವೇ ಉಳಿಯಬಹುದು. ಮನೆಯನ್ನೇ ಬದಲಿಸಿದವರು ಬಾಗಿಲಿಗೆ "ಊರಿಗೆ ಹೋಗಿದ್ದೇವೆ" ಎಂದು ಚೀಟಿ ಅಂಟಿಸಿದರೆ ಅಂಚೆಯಣ್ಣ ಕಾಗದಗಳನ್ನು ಅದೇ ಬಾಗಿಲಿಗೆ ತರುತ್ತಾನಲ್ಲ, ಹಾಗೆ.

ವಿಳಾಸಕ್ಕೆ ಇಷ್ಟು ಬೆಲೆ ಏಕೆ? ಗೂಗಲ್ ಕಟ್ಟಿದ ಲ್ಯಾರಿ ಪೇಜ್ ಮತ್ತು ಸೆರ್ಗಿ ಬ್ರಿನ್ 1998ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿದ್ದಾಗ ಬರೆದ ಪ್ರಬಂಧದ ತಿರುಳು ಪೇಜ್‌ರ‍್ಯಾಂಕ್. ಒಂದು ಪುಟ ಇನ್ನೊಂದಕ್ಕೆ ಲಿಂಕ್ ಕೊಟ್ಟರೆ ಅದು ಒಂದು ಶಿಫಾರಸು. ಶಿಫಾರಸು ಮಾಡಿದ ಪುಟಕ್ಕೆ ಎಷ್ಟು ಗೌರವವಿದೆಯೋ ಅದರ ಒಂದು ಪಾಲು ಮುಂದಿನದಕ್ಕೆ ಹರಿಯುತ್ತದೆ. ಇಂದು ಗೂಗಲ್ ಇನ್ನೂ ಹತ್ತಾರು ಸಂಗತಿ ನೋಡುತ್ತದೆ, ಆದರೆ ಲಿಂಕಿನ ತೂಕ ಹೋಗಿಲ್ಲ. ಆ ಗೌರವವೆಲ್ಲ ಕೂಡುವುದು ವಿಳಾಸದ ಹೆಸರಿನಲ್ಲಿ. ಚಿಕ್ಕಮ್ಮನ ಅಪ್ಪೆಹುಳಿಗೆ ಬಂದ ಶಿಫಾರಸುಗಳೆಲ್ಲ ಆ ಒಂದು ಪುಟದ ವಿಳಾಸಕ್ಕೆ ಬಂದಂಥವು.

ಮರುದಾರಿ, ಅಂದರೆ ರಿಡೈರೆಕ್ಟ್, ಹಿಡಿದರೆ ಈ ಗೌರವ ಸೋರಿಹೋಗುತ್ತದೆ ಎಂಬ ಭಯ ನಮ್ಮ ವೃತ್ತಿಯಲ್ಲಿ ಬಹಳ ವರ್ಷ ಇತ್ತು. 2013ರಲ್ಲಿ ಆಗ ಗೂಗಲ್‌ನಲ್ಲಿದ್ದ ಮ್ಯಾಟ್ ಕಟ್ಸ್, 301ರಲ್ಲಿ ಕಳೆದುಹೋಗುವುದು ಸಾಮಾನ್ಯ ಲಿಂಕಿನಲ್ಲಿ ಕಳೆದುಹೋಗುವಷ್ಟೇ ಎಂದಿದ್ದರು. ಮೂಲ ಪ್ರಬಂಧದಲ್ಲಿ ಹೀಗೆ ಲಿಂಕಿನಿಂದ ಹರಿಯುವ ಪಾಲಿಗೆ 0.85 ಎಂಬ ಸಂಖ್ಯೆ ಇತ್ತು. ಜನ ಅದನ್ನು ಹಿಡಿದು ಪ್ರತಿ ರಿಡೈರೆಕ್ಟಿಗೂ ಶೇ 15 ನಷ್ಟ ಎಂದು ಲೆಕ್ಕ ಹಾಕಿದರು. ಆ ಹೆದರಿಕೆಗೇ ಎಷ್ಟೋ ತಾಣಗಳು ಸುರಕ್ಷಿತವಾದ ಎಚ್‌ಟಿಟಿಪಿಎಸ್ ವಿಳಾಸಕ್ಕೆ ಹೋಗಲು ಹಿಂದೇಟು ಹಾಕಿದವು. 2016ರ ಜುಲೈಯಲ್ಲಿ ಗೂಗಲ್‌ನ ಗ್ಯಾರಿ ಇಲ್ಲಿಸ್, 30ರಿಂದ ಶುರುವಾಗುವ ಯಾವ ರಿಡೈರೆಕ್ಟ್‌ನಲ್ಲೂ ಪೇಜ್‌ರ‍್ಯಾಂಕ್ ಇನ್ನು ಕಳೆಯುವುದಿಲ್ಲ ಎಂದು ಸ್ಪಷ್ಟಪಡಿಸಿದರು. ಇವತ್ತಿಗೂ ಆ ಶೇ 15ರ ಮಾತು ಹೇಳಿ ಗ್ರಾಹಕರನ್ನು ಹೆದರಿಸುವವರಿದ್ದಾರೆ. ನಂಬಬೇಡಿ.

ಹಾಗಾದರೆ ಅಪ್ಪೆಹುಳಿ ಕಾಣೆಯಾದದ್ದೇಕೆ? ಕೇಳಿದ್ದೊಂದು, ಸಿಕ್ಕಿದ್ದು ಇನ್ನೊಂದು ಆದದ್ದರಿಂದ. ಅಪ್ಪೆಹುಳಿ ಕೇಳಿ ಬಂದವರಿಗೆ ಮುಖಪುಟ ತೋರಿಸಿದರೆ ಗೂಗಲ್ ಅದನ್ನು ಸ್ಥಳಾಂತರ ಎಂದು ಒಪ್ಪುವುದಿಲ್ಲ. ಸಂಖ್ಯೆ 301 ಎಂದು ಹೇಳಿದರೂ ಪುಟ ಇಲ್ಲವೆಂದೇ ಎಣಿಸುತ್ತದೆ. ಸಾಫ್ಟ್ 404 ಎಂದು ಅದಕ್ಕೆ ಹೆಸರು. ಹೊಸ ತಾಣದಲ್ಲಿ ಅಪ್ಪೆಹುಳಿ ಬೇರೆ ವಿಳಾಸದಲ್ಲಿ ಇದ್ದೇ ಇತ್ತು, ಒಂದಕ್ಷರವೂ ಬದಲಾಗಿರಲಿಲ್ಲ. ಆದರೆ ಹಳೆಯದಕ್ಕೂ ಹೊಸದಕ್ಕೂ ನಂಟು ಹೇಳುವವರಿರಲಿಲ್ಲ. ಹನ್ನೊಂದು ವರ್ಷದ ಶಿಫಾರಸೆಲ್ಲ ಹಳೇ ಬಾಗಿಲಲ್ಲೇ ಉಳಿಯಿತು.

ಕನ್ನಡದಲ್ಲಿ ಬರೆಯುವವರಿಗೆ ಇಲ್ಲಿ ಇನ್ನೂ ಒಂದು ತೊಡಕಿದೆ. ಚಿಕ್ಕಮ್ಮನ ಹಳೇ ತಾಣದ ವಿಳಾಸಗಳು ಕನ್ನಡ ಲಿಪಿಯಲ್ಲಿದ್ದವು. ಬ್ರೌಸರಿನ ಪಟ್ಟಿಯಲ್ಲಿ ಚೆಂದಾಗಿ "ಅಪ್ಪೆಹುಳಿ" ಎಂದು ಕಾಣುತ್ತಿತ್ತು. ತಂತಿಯ ಮೇಲೆ ಹೋಗುವುದು ಆ ರೂಪದಲ್ಲಲ್ಲ. ಯೂನಿಕೋಡ್‌ನ ರೂಢಿಯ ಸಂಕೇತದಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್ ಬೇಕು. ಒಂದೊಂದು ಬೈಟ್ ವಿಳಾಸದಲ್ಲಿ ಶೇಕಡಾ ಗುರುತು ಹಾಗೂ ಎರಡು ಅಕ್ಷರ-ಅಂಕಿಗಳಾಗಿ ಹರಡುತ್ತದೆ. ಒತ್ತು, ಗುಣಿತಗಳನ್ನು ಬೇರೆಬೇರೆ ಎಣಿಸಿದರೆ "ಅಪ್ಪೆಹುಳಿ"ಯಲ್ಲಿ 9 ಚಿಹ್ನೆ. ಅಂದರೆ ಆ ಒಂದು ಪದ 81 ಅಕ್ಷರಗಳ ಸರಮಾಲೆ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಕನ್ನಡ ಲಿಂಕು ಹಾವಿನಂತೆ ಉದ್ದವಾಗಿ ಬರುವುದು ಇದರಿಂದಲೇ.

ಉದ್ದವಾದರೆ ಆಗಲಿ, ಅಪಾಯ ಅದರಲ್ಲಿಲ್ಲ. ಕಣ್ಣಿಗೆ ಕಾಣದ ಚಿಹ್ನೆಯಲ್ಲಿದೆ. "ಐಸ್‌ಕ್ರೀಂ" ಎಂದು ಬರೆಯುವಾಗ ಸಕಾರಕ್ಕೆ ಒತ್ತು ತಗುಲದಂತೆ ನಡುವೆ ಒಂದು ಅದೃಶ್ಯ ಚಿಹ್ನೆ ಹಾಕಬೇಕು. ಕೆಲವು ತಂತ್ರಾಂಶಗಳಲ್ಲಿ ಟೈಪು ಮಾಡಿದರೆ ಪದದ ಕೊನೆಯ ಅರ್ಧಾಕ್ಷರಕ್ಕೂ ಅದು ಅಂಟಿಕೊಳ್ಳುತ್ತದೆ, ಕೆಲವದರಲ್ಲಿ ಇಲ್ಲ. ಚಿಕ್ಕಮ್ಮನ "ಮುರುಗಲು ಜ್ಯೂಸ್" ಪುಟ ಹೀಗೇ ಆಯಿತು. ಹಳೇ ವಿಳಾಸದಲ್ಲಿ ಕೊನೆಯ "ಸ್" ನಂತರ ಆ ಚಿಹ್ನೆ ಇತ್ತು, ನಾನು ಟೈಪು ಮಾಡಿದ್ದರಲ್ಲಿ ಇರಲಿಲ್ಲ. ಪರದೆಯ ಮೇಲೆ ಎರಡೂ ಒಂದೇ. ಸರ್ವರ್ ನೋಡುವುದು ಬೈಟುಗಳನ್ನು. ಅದಕ್ಕೆ ಇವು ಎರಡು ಬೇರೆ ಪುಟ. ಅರ್ಧ ದಿನ ತಲೆ ಕೆಡಿಸಿಕೊಂಡ ಮೇಲೆ ಗೊತ್ತಾಯಿತು. ಅಂದಿನಿಂದ ಕನ್ನಡ ವಿಳಾಸಗಳನ್ನು ನಾನು ಕೈಯಲ್ಲಿ ಟೈಪು ಮಾಡುವುದಿಲ್ಲ, ಹಳೇ ಸರ್ವರಿನಿಂದಲೇ ನಕಲು ಮಾಡಿಕೊಳ್ಳುತ್ತೇನೆ.

ವಿಳಾಸ ಬದಲಿಸುವ ಆಸೆ ಊರಿನ ಹೆಸರಿನಿಂದಲೂ ಬರುತ್ತದೆ. 2014ರ ನವೆಂಬರ್ 1ರಂದು ಗುಲ್ಬರ್ಗ ಕಲಬುರಗಿಯಾಯಿತು, ಬಿಜಾಪುರ ವಿಜಯಪುರವಾಯಿತು. ಹನ್ನೆರಡು ಊರುಗಳ ಹೆಸರು ಬದಲಾಯಿತು. ತಾಣದ ವಿಳಾಸದಲ್ಲೂ ಹೆಸರು ಬದಲಿಸೋಣ ಎಂದು ಆಗ ಹಲವರು ಕೇಳಿದ್ದರು. ಪುಟದೊಳಗೆ ಖಂಡಿತ ಬದಲಿಸಿ, ವಿಳಾಸವನ್ನು ಮುಟ್ಟಬೇಡಿ ಎಂದೇ ಹೇಳಿದೆ. ವಿಳಾಸದಲ್ಲಿರುವ ಪದಕ್ಕೆ ರ‍್ಯಾಂಕಿಂಗ್‌ನಲ್ಲಿ ತೂಕ ಬಹಳ ಕಡಿಮೆ. ಬದಲಿಸುವಾಗ ಎಡವಿದರೆ ನಷ್ಟ ದೊಡ್ಡದು. ವೆಬ್ ಅನ್ನು ಕಟ್ಟಿದ ಟಿಮ್ ಬರ್ನರ್ಸ್-ಲೀ 1998ರಲ್ಲೇ ಒಳ್ಳೆಯ ವಿಳಾಸ ಬದಲಾಗಬಾರದು ಎಂದು ಒಂದು ಪುಟ್ಟ ಲೇಖನ ಬರೆದಿದ್ದರು. ಬದಲಿಸಲೇಬೇಕಾದಾಗ ಅಚ್ಚುಕಟ್ಟಾಗಿ ಮಾಡಿದವರೂ ಇದ್ದಾರೆ. ಬ್ರಿಟನ್ನಿನ ಗಾರ್ಡಿಯನ್ ಪತ್ರಿಕೆ 2013ರ ಜುಲೈಯಲ್ಲಿ ತನ್ನ ದೇಶದ ಡೊಮೇನನ್ನು ಬಿಟ್ಟು ಡಾಟ್ ಕಾಮ್‌ಗೆ ಬಂತು. ಅದರ ಹಳೇ ಲಿಂಕು ಒತ್ತಿದರೆ ಅದೇ ಸುದ್ದಿಗೆ ಹೋಗಿ ನಿಲ್ಲುತ್ತೀರಿ.

ನಮ್ಮ ಬ್ಲಾಗುಗಳಿಗೆ ಆ ಭಾಗ್ಯ ಸಿಗಲಿಲ್ಲ. 2012ರ ಮೊದಲ ತಿಂಗಳುಗಳಲ್ಲಿ ಗೂಗಲ್ ತನ್ನ ಬ್ಲಾಗರ್ ಸೇವೆಯಲ್ಲಿ ಒಂದು ಬದಲಾವಣೆ ತಂದಿತು. ಭಾರತದಿಂದ ಓದುವವರು ಬ್ಲಾಗ್‌ಸ್ಪಾಟ್ ಡಾಟ್ ಕಾಮ್ ತೆರೆದರೆ ತಾನಾಗಿ ಬ್ಲಾಗ್‌ಸ್ಪಾಟ್ ಡಾಟ್ ಇನ್‌ಗೆ ಹೋಗುತ್ತಿದ್ದರು. ಒಂದು ದೇಶದ ಕಾನೂನಿನಂತೆ ಬರಹ ತೆಗೆಯಬೇಕಾದರೆ ಆ ದೇಶದಲ್ಲಿ ಮಾತ್ರ ತೆಗೆಯಲು ಅನುಕೂಲ ಎಂಬುದು ಕಾರಣ. ಸರ್ಚ್ ಎಂಜಿನ್‌ಗಳು ಗೊಂದಲಕ್ಕೆ ಬೀಳದಿರಲೆಂದು ಪ್ರತಿ ಪುಟದಲ್ಲೂ ಮೂಲ ವಿಳಾಸ ಡಾಟ್ ಕಾಮ್ ಎಂಬ ಸೂಚನೆ ಇಟ್ಟಿದ್ದರು. ಯಂತ್ರಕ್ಕೆ ಅದು ಸಾಕಾಯಿತು. ಮನುಷ್ಯರು ನಕಲು ಮಾಡುವುದು ಕಣ್ಣೆದುರು ಕಂಡ ವಿಳಾಸವನ್ನು. ಫೇಸ್‌ಬುಕ್ಕಿನಲ್ಲಿ, ಇಮೇಲಿನಲ್ಲಿ, ಒಬ್ಬರ ಬ್ಲಾಗಿನಿಂದ ಇನ್ನೊಬ್ಬರದಕ್ಕೆ ಆರು ವರ್ಷ ಹರಿದಾಡಿದ್ದು ಡಾಟ್ ಇನ್ ಲಿಂಕುಗಳು. ಕವಿತೆ, ಪ್ರವಾಸ, ಹಳ್ಳಿಯ ನೆನಪು, ಪುಸ್ತಕ ವಿಮರ್ಶೆ ಎಂದು ಕನ್ನಡ ಬ್ಲಾಗುಗಳು ಒಂದನ್ನೊಂದು ಓದಿಸುತ್ತಿದ್ದ ಕಾಲ ಅದು.

2018ರಲ್ಲಿ ಗೂಗಲ್ ಆ ಪದ್ಧತಿ ಕೈಬಿಟ್ಟು ಡಾಟ್ ಇನ್‌ನಿಂದ ಡಾಟ್ ಕಾಮ್‌ಗೆ ಹಿಂದಿರುಗಿಸತೊಡಗಿತು. ಎರಡು ವರ್ಷದ ಬಳಿಕ, 2020ರ ಮಧ್ಯದಲ್ಲಿ, ಆ ಡಾಟ್ ಇನ್ ಡೊಮೇನಿನ ನೋಂದಣಿ ನವೀಕರಣವಾಗದೆ ಗೂಗಲ್‌ನ ಕೈತಪ್ಪಿತು, ಇನ್ಯಾರೋ ಕೊಂಡರು. ಲಕ್ಷಾಂತರ ಲಿಂಕುಗಳು ಒಮ್ಮೆಗೇ ಸತ್ತವು. ಬರಹ ಹೋಗಲಿಲ್ಲ, ಇನ್ ಅಳಿಸಿ ಕಾಮ್ ಎಂದು ಕೈಯಲ್ಲಿ ಬರೆದರೆ ತೆರೆಯುತ್ತದೆ. ಆದರೆ ಎಷ್ಟು ಓದುಗರಿಗೆ ಅದು ಗೊತ್ತು? ಒಬ್ಬರ ಬರಹಕ್ಕೆ ಇನ್ನೊಬ್ಬರು ಮಾಡಿದ ಶಿಫಾರಸು ಖಾಲಿ ಜಾಗಕ್ಕೆ ಬೆರಳು ತೋರಿಸುತ್ತ ನಿಂತಿತು. ಗೂಗಲ್‌ಗೇ ಹೀಗಾಗುವುದಾದರೆ ನಮ್ಮ ಪಾಡೇನು ಎಂದು ಅಂದಿನಿಂದ ನನಗೆ ಅಳುಕು. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2024ರಲ್ಲಿ ಲೆಕ್ಕ ಹಾಕಿದಾಗ, 2013ರಲ್ಲಿದ್ದ ಪುಟಗಳಲ್ಲಿ ಶೇ 38ರಷ್ಟು ಹತ್ತು ವರ್ಷದಲ್ಲಿ ಕಾಣೆಯಾಗಿದ್ದವು.

ಚಿಕ್ಕಮ್ಮನ ತಾಣ ಸರಿಪಡಿಸಲು ಶಿರಸಿಗೆ ಹೋಗಿ ನಾಲ್ಕು ದಿನ ಕೂತೆ. ಹಳೇ ಸರ್ವರಿನಿಂದ ವಿಳಾಸಗಳ ಪಟ್ಟಿ ತೆಗೆದು ಎಡಕ್ಕೆ ಹಳೆಯದು, ಬಲಕ್ಕೆ ಹೊಸದು ಎಂದು ಒಂದೊಂದೇ ಜೋಡಿಸಿದೆವು. ಚಿಕ್ಕಮ್ಮ ಓದುತ್ತಿದ್ದಳು, ನಾನು ಸೇರಿಸುತ್ತಿದ್ದೆ. ನಡುನಡುವೆ ಒಂದೊಂದು ಅಡುಗೆಗೂ ಕಥೆ. ಕೆಲಸ ನಿಧಾನವಾಯಿತು, ನನಗೆ ಬೇಸರವಾಗಲಿಲ್ಲ. ಕೆಲವು ಪುಟಗಳು ಮೊದಲೇ ಒಮ್ಮೆ ಜಾಗ ಬದಲಿಸಿದ್ದವು, ಒಂದು ರಿಡೈರೆಕ್ಟ್ ಇನ್ನೊಂದಕ್ಕೆ, ಅದು ಮತ್ತೊಂದಕ್ಕೆ ದಾರಿ ತೋರುತ್ತಿತ್ತು. ಗೂಗಲ್‌ನ ಕ್ರಾಲರ್ ಹತ್ತು ಜಿಗಿತದವರೆಗೆ ಹಿಂಬಾಲಿಸುತ್ತದೆ, ಆದರೆ ಪ್ರತಿ ಜಿಗಿತಕ್ಕೂ ಹಳ್ಳಿಯ ಮೊಬೈಲಿನಲ್ಲಿ ಕಾಯಬೇಕು. ಅವನ್ನೆಲ್ಲ ನೇರ ಕೊನೆಯ ಪುಟಕ್ಕೆ ಕಟ್ಟಿದೆವು. ಮೂರು ಅಡುಗೆಗಳನ್ನು ಅವಳೇ ಕೈಬಿಟ್ಟಿದ್ದಳು, ಅಳತೆ ತಪ್ಪೆಂದು ಆಮೇಲೆ ಗೊತ್ತಾಯಿತಂತೆ. ಅವುಗಳಿಗೆ 410 ಕೊಟ್ಟೆ. ಪುಟ ತೆಗೆದದ್ದು ಬೇಕೆಂದೇ ಎಂದು ಹೇಳುವ ಸಂಖ್ಯೆ ಅದು.

ಅಪ್ಪೆಹುಳಿ ಹುಡುಕಾಟಕ್ಕೆ ಮರಳಲು ಐದಾರು ವಾರ ಹಿಡಿಯಿತು. ಮೊದಲಿನ ಜಾಗಕ್ಕೆ ಅಲ್ಲ, ಎರಡು ಮೆಟ್ಟಿಲು ಕೆಳಗೆ. ತಂಬುಳಿಗಳು ಸುಮಾರಾಗಿ ಬಂದಿವೆ. ತೊಡದೇವು ಇನ್ನೂ ಬಂದಿಲ್ಲ.

ಹೊರಡುವ ದಿನ ಚಿಕ್ಕಮ್ಮ ಕೇಳಿದಳು: ಹೊಸ ಹೆಸರು ಬಂತಲ್ಲ, ಹಳೆಯದಕ್ಕೆ ವರ್ಷಾ ವರ್ಷಾ ದುಡ್ಡು ಕಟ್ಟುವುದು ಯಾಕೆ? ರಿಡೈರೆಕ್ಟನ್ನು ಕನಿಷ್ಠ ಒಂದು ವರ್ಷ ಇಟ್ಟುಕೊಳ್ಳಿ ಎನ್ನುತ್ತದೆ ಗೂಗಲ್, ಆದಷ್ಟು ಕಾಲ ಇಟ್ಟರೆ ಇನ್ನೂ ಒಳ್ಳೆಯದೆಂದೂ ಹೇಳುತ್ತದೆ. ಆದರೆ ಬೇರೆಯವರ ಬ್ಲಾಗಿನಲ್ಲಿ, ಯಾರದೋ ಇಮೇಲಿನಲ್ಲಿ ಇರುವ ಲಿಂಕಿಗೆ ಗಡುವಿಲ್ಲ. ನಾವು ಬಿಟ್ಟ ಮಾರನೇ ದಿನ ಆ ಹೆಸರನ್ನು ಯಾರು ಬೇಕಾದರೂ ಕೊಳ್ಳಬಹುದು. ಹಳೇ ಗೌರವದ ಆಸೆಗೆ ಅವಧಿ ಮೀರಿದ ಡೊಮೇನುಗಳನ್ನು ಕೊಂಡು ಕೆಲಸಕ್ಕೆ ಬಾರದ್ದನ್ನು ತುಂಬುವವರು ಎಷ್ಟು ಹೆಚ್ಚಿದ್ದರೆಂದರೆ, 2024ರ ಮಾರ್ಚ್‌ನಲ್ಲಿ ಗೂಗಲ್ ಅದನ್ನೇ ಹೆಸರಿಸಿ ತನ್ನ ಸ್ಪ್ಯಾಮ್ ನಿಯಮಗಳಲ್ಲಿ ಸೇರಿಸಿತು. ನಿನ್ನ ಅಪ್ಪೆಹುಳಿಯ ಲಿಂಕು ಒತ್ತಿದವರಿಗೆ ಜೂಜಿನ ಪುಟ ತೆರೆದುಕೊಂಡರೆ ಹೇಗೆ ಎಂದೆ.

ಅವಳು ಮಾತಾಡದೆ ಎದ್ದು ಹೋಗಿ ಅಡುಗೆಮನೆಯ ಗೋಡೆಯ ಕ್ಯಾಲೆಂಡರ್ ತಂದಳು. ಗ್ಯಾಸ್ ಸಿಲಿಂಡರ್ ಬದಲಿಸಿದ ದಿನ, ಹಾಲಿನ ಲೆಕ್ಕ, ಏಕಾದಶಿ ಎಲ್ಲ ಅದರಲ್ಲೇ. ಡಿಸೆಂಬರ್ ಹಾಳೆ ತಿರುವಿ ನಾನು ಹೇಳಿದ ತಾರೀಖಿಗೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿದಳು, ಪಕ್ಕದಲ್ಲಿ ಬರೆದಳು: ಹಳೇ ಮನೆ ಬಾಡಿಗೆ.