ಸ್ನಾತಕರ ಸನ್ಮಾನ

ನಮ್ಮ ಯಾದಗಿರಿಯ ಪೇಟೆಯಲ್ಲಿ ಶಾಲುಗಳ ವ್ಯಾಪಾರಕ್ಕೆ ಎರಡು ಸುಗ್ಗಿಗಳುಂಟು. ಒಂದು ಮದುವೆಗಳ ಕಾಲ. ಮತ್ತೊಂದು ವಿಶ್ವವಿದ್ಯಾಲಯದ ಘಟಿಕೋತ್ಸವವು ಮುಗಿದ ನಂತರದ ಕೆಲವು ವಾರಗಳು. ಸುವರ್ಣಪದಕಗಳನ್ನು ಪಡೆದವರ ಹೆಸರುಗಳು ವೃತ್ತಪತ್ರಿಕೆಗಳಲ್ಲಿ ಪ್ರಕಟವಾದುವೆಂದರೆ, ಅವರು ಓದಿದ ಕಾಲೇಜಿನವರು, ಅವರ ಸಮಾಜದವರು, ಅವರ ಓಣಿಯ ತರುಣ ಸಂಘದವರು ಒಬ್ಬರ ಹಿಂದೊಬ್ಬರಾಗಿ ಸನ್ಮಾನ ಸಮಾರಂಭಗಳನ್ನು ಏರ್ಪಡಿಸುವರು. ನಾವು ಮೂವತ್ತು ವರ್ಷಗಳಿಗೂ ಮಿಕ್ಕಿ ಉಪಾಧ್ಯಾಯ ವೃತ್ತಿಯಲ್ಲಿದ್ದು ಈಗ ವಿಶ್ರಾಂತಿಯನ್ನು ಪಡೆದವರಾದುದರಿಂದ, ಇಂತಹ ಸಮಾರಂಭಗಳ ವೇದಿಕೆಯ ಅಂಚಿನಲ್ಲಿ ನಮಗೂ ಒಂದು ಕುರ್ಚಿಯು ದೊರೆಯುತ್ತದೆ. ಸನ್ಮಾನಿತರಿಗೆ ಮೂರು ಶಾಲುಗಳು ಬಂದರೆ ನಮಗೂ ಒಂದು ಬರುತ್ತದೆ. ಆ ಕುರ್ಚಿಯಲ್ಲಿ ಕುಳಿತು, ದೀರ್ಘ ಭಾಷಣಗಳ ಮಧ್ಯೆ, ನಮ್ಮ ಮನಸ್ಸಿನಲ್ಲಿ ಸುಳಿದ ಕೆಲವು ವಿಚಾರಗಳನ್ನು ವಾಚಕರ ಮುಂದಿಡಲಿಚ್ಛಿಸುತ್ತೇವೆ.

ಪದವೀಧರನಿಗೆ ನಾವು ಸ್ನಾತಕನೆಂದು ಹೇಳುವುದು ವಾಡಿಕೆ. ಸ್ನಾತಕನೆಂದರೆ ಸ್ನಾನ ಮಾಡಿದವನು. ಗುರುಕುಲವಾಸವು ಮುಗಿದ ಬಳಿಕ ಬ್ರಹ್ಮಚಾರಿಯು ಮಾಡತಕ್ಕ ಮಂಗಳಸ್ನಾನದಿಂದ ಈ ಹೆಸರು ಬಂದಿತು. ಆ ಸಂಸ್ಕಾರಕ್ಕೆ ಸಮಾವರ್ತನ, ಅರ್ಥಾತ್ ಮನೆಗೆ ಹಿಂದಿರುಗುವಿಕೆ, ಎಂದು ಹೆಸರು. ಪಾರಸ್ಕರ ಗೃಹ್ಯಸೂತ್ರವು ಸ್ನಾತಕರನ್ನು ಮೂರು ವಿಧವಾಗಿ ವಿಂಗಡಿಸಿದೆ. ವಿದ್ಯೆಯನ್ನು ಮುಗಿಸಿ ವ್ರತವನ್ನು ಮುಗಿಸದೆ ಬಂದವನು ವಿದ್ಯಾಸ್ನಾತಕ. ವ್ರತವನ್ನು ಪೂರೈಸಿ ವಿದ್ಯೆಯನ್ನು ಪೂರೈಸದೆ ಬಂದವನು ವ್ರತಸ್ನಾತಕ. ಎರಡನ್ನೂ ಸಾಧಿಸಿದವನು ವಿದ್ಯಾವ್ರತಸ್ನಾತಕ. ಇಂದಿನ ವಿಶ್ವವಿದ್ಯಾಲಯಗಳು ಮೊದಲನೆಯದಕ್ಕೆ ಮಾತ್ರ ಅಂಕಗಳನ್ನು ಕೊಡುತ್ತವೆ. ಎರಡನೆಯ ವರ್ಗದವರನ್ನು ನಾವು ತರಗತಿಗಳಲ್ಲಿ ಬಹಳ ಮಂದಿ ಕಂಡಿದ್ದೇವೆ. ಹತ್ತಿ ಬಿಡಿಸುವ ಕಾಲದಲ್ಲಿ ಹೊಲಕ್ಕೆ ಹೋಗಿ, ಬೇಸಗೆಯಲ್ಲಿ ತಾಯಿತಂದೆಗಳೊಡನೆ ಬೆಂಗಳೂರಿಗೆ ಗುಳೆ ಹೋಗಿ, ಪರೀಕ್ಷೆಯ ಹೊತ್ತಿಗೆ ಬಂದು ಕುಳಿತು ಮೂವತ್ತೈದು ಅಂಕಗಳನ್ನು ಪಡೆದವರು ಅವರು. ಅವರಿಗೆ ಯಾರೂ ಶಾಲು ಹೊದಿಸಲಿಲ್ಲ.

ಸ್ನಾತಕನನ್ನು ಗೌರವಿಸತಕ್ಕ ಕರ್ತವ್ಯವು ಮೊದಲಿಗೆ ಗೃಹಸ್ಥನದೆಂಬುದು ನಮ್ಮ ವಾಚಕರಿಗೆ ಹೊಸದಾಗಿ ಕಂಡೀತು. ಮನೆಗೆ ಬಂದಾಗ ಅರ್ಘ್ಯಕ್ಕೆ ಅರ್ಹರಾದವರು ಆರು ಮಂದಿ ಎಂದು ಅದೇ ಗೃಹ್ಯಸೂತ್ರವು ಎಣಿಸುತ್ತದೆ: ಆಚಾರ್ಯ, ಋತ್ವಿಜ, ಮದುವೆಗೆ ಬಂದ ವರ, ರಾಜ, ಪ್ರಿಯಮಿತ್ರ ಮತ್ತು ಸ್ನಾತಕ. ಇವರಿಗೆ ಆಸನವನ್ನಿತ್ತು, ಕಾಲಿಗೆ ನೀರನ್ನಿತ್ತು, ಮೊಸರು ಜೇನುತುಪ್ಪಗಳ ಮಧುಪರ್ಕವನ್ನು ಕೊಡಬೇಕು. ದಾರಿಯಲ್ಲಿ ರಾಜನೂ ಸ್ನಾತಕನೂ ಎದುರಾದರೆ ಗೌರವವು ಸ್ನಾತಕನಿಗೆ ಸಲ್ಲತಕ್ಕದ್ದೆಂದು ಮನುವೂ ವಿಧಿಸಿದ್ದಾನೆ. ಇದನ್ನು ಓದಿ ಉಬ್ಬುವ ಮೊದಲು ಇನ್ನೊಂದು ಮಾತನ್ನೂ ಹೇಳಬೇಕು. ಆ ಸ್ನಾನದ ನೀರು ಎಲ್ಲರಿಗೂ ದೊರೆಯುತ್ತಿರಲಿಲ್ಲ. ಇಂದು ಪದಕಗಳನ್ನು ಕೊರಳಲ್ಲಿ ಧರಿಸಿ ನಿಲ್ಲುವ ಮಕ್ಕಳಲ್ಲಿ ಬಹುಪಾಲಿನವರಿಗೆ ಆ ಗುರುಕುಲಗಳ ಬಾಗಿಲು ಮುಚ್ಚಿಯೇ ಇರುತ್ತಿತ್ತು. ಹೆಣ್ಣುಮಕ್ಕಳ ಮಾತಂತೂ ಇರಲಿಲ್ಲ. ಸಂಸ್ಕೃತವನ್ನು ಓದಿದ ನಾವು ಇದನ್ನು ಮರೆಮಾಚಿದರೆ ಓದಿಗೆ ಅಪಚಾರ ಮಾಡಿದಂತಾಗುವುದು.

ಘಟಿಕೋತ್ಸವವೆಂಬ ಶಬ್ದದಲ್ಲಿರುವ ಘಟಿಕೆಯೂ ನಮ್ಮ ಸೀಮೆಗೆ ಅಪರಿಚಿತವಾದುದಲ್ಲ. ಪೂರ್ವದಲ್ಲಿ ಉನ್ನತ ವಿದ್ಯಾಸ್ಥಾನಗಳಿಗೆ ಘಟಿಕಾಸ್ಥಾನಗಳೆಂದು ಹೆಸರಿತ್ತು. ಯಾದಗಿರಿಗೆ ನೆರೆಯಾದ ಚಿತ್ತಾಪುರದ ಬಳಿ ನಾಗಾವಿ ಎಂಬ ಸ್ಥಳವಿದೆ. ಕಲ್ಯಾಣ ಚಾಲುಕ್ಯರ ಒಂದನೆಯ ಸೋಮೇಶ್ವರನ ಕಾಲದಲ್ಲಿ, ಕ್ರಿ. ಶ. 1058ರಲ್ಲಿ, ಅವನ ದಂಡನಾಯಕನಾದ ಮಧುಸೂದನನು ಅಲ್ಲಿ ಘಟಿಕಾಶಾಲೆಯನ್ನು ನಡೆಯಿಸಲು ದತ್ತಿಯನ್ನಿತ್ತನೆಂದು ಶಾಸನವಿದೆ. ವೇದವನ್ನು ಓದುವ 200 ವಿದ್ಯಾರ್ಥಿಗಳು, ಶಾಸ್ತ್ರವನ್ನು ಓದುವ 50 ವಿದ್ಯಾರ್ಥಿಗಳು, ವೇದಕ್ಕೆ ಮೂವರು ಶಾಸ್ತ್ರಕ್ಕೆ ಮೂವರು ಉಪಾಧ್ಯಾಯರು, ಇವರಲ್ಲದೆ ಗ್ರಂಥಗಳನ್ನು ಕಾಯುವ ಆರು ಮಂದಿ ಸರಸ್ವತೀ ಭಂಡಾರಿಗರು. ಆರು ಮಂದಿ ಉಪಾಧ್ಯಾಯರಿಗೆ ಆರು ಮಂದಿ ಗ್ರಂಥಪಾಲಕರು! ಈ ಲೆಕ್ಕವನ್ನು ನಾವು ಒಮ್ಮೆ ಒಂದು ಕಾಲೇಜಿನ ಸಭೆಯಲ್ಲಿ ಹೇಳಿದಾಗ, ಅಲ್ಲಿನ ಗ್ರಂಥಪಾಲಕರೊಬ್ಬರು ಮಾತ್ರ ಚಪ್ಪಾಳೆ ತಟ್ಟಿದರು. ಆ ದತ್ತಿಯು ವಿದ್ಯಾರ್ಥಿಗಳ ಊಟಕ್ಕೆ ವ್ಯವಸ್ಥೆ ಮಾಡಿತ್ತೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಅದರ ಪ್ರಸ್ತಾಪ ಬರಲಿದೆ.

ನಾಗಾವಿಯ ಕಲ್ಲುಕಂಬಗಳಿಂದ ನೇರವಾಗಿ ನಿಜಾಮರ ಕಾಲಕ್ಕೆ ಬರೋಣ. ಯಾದಗಿರಿ, ಶಹಾಪುರ, ಸುರಪುರಗಳು ಆಗ ಗುಲಬರ್ಗಾ ಜಿಲ್ಲೆಯ ತಾಲ್ಲೂಕುಗಳು. 1918ರಲ್ಲಿ ಹೈದರಾಬಾದಿನಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯವು ಸ್ಥಾಪಿತವಾಯಿತು. ಭಾರತೀಯ ಭಾಷೆಯೊಂದರಲ್ಲಿ ಎಲ್ಲ ಉನ್ನತ ವಿಷಯಗಳನ್ನೂ ಬೋಧಿಸಲು ಹೊರಟ ಆ ಸಾಹಸವು ನಿಜಕ್ಕೂ ಮೆಚ್ಚತಕ್ಕದ್ದೇ. ಆದರೆ ಆ ಭಾಷೆಯು ಉರ್ದುವಾಗಿತ್ತು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಉರ್ದು. ಮನೆಯ ಮಾತಿನಲ್ಲಿ ಎಷ್ಟೇ ಚತುರನಾದ ಬಾಲಕನಿಗೂ ಪದವಿಯೆಂಬುದು ಎರಡು ಹೊಳೆಗಳನ್ನು ಈಜಿ ಮುಟ್ಟತಕ್ಕ ದಡವಾಯಿತು. ಗುಲಬರ್ಗಾದಲ್ಲಿ ಇಂಟರ್‌ಮೀಡಿಯೆಟ್ ಕಾಲೇಜು ಆರಂಭವಾದದ್ದು 1931ರಲ್ಲಿ. ಅಂತಹ ಕಾಲದಲ್ಲಿಯೂ ಈಜಿ ದಾಟಿದವರಿದ್ದರು. 1918ರಲ್ಲಿಯೇ, ಆ ವಿಶ್ವವಿದ್ಯಾಲಯವು ಹುಟ್ಟಿದ ವರ್ಷವೇ, ಕೊಪ್ಪಳ ಸೀಮೆಯ ದ್ಯಾಂಪುರದಲ್ಲಿ ಜನಿಸಿದ ಸಿದ್ದಯ್ಯ ಪುರಾಣಿಕರು ಉಸ್ಮಾನಿಯಾದಲ್ಲಿ ಓದಿ, ಸರಕಾರದ ಉನ್ನತಾಧಿಕಾರಿಗಳಾಗಿ, ಕಾವ್ಯಾನಂದರೆಂಬ ಹೆಸರಿನಿಂದ ಕನ್ನಡದಲ್ಲಿ ಕಾವ್ಯವನ್ನು ರಚಿಸಿದರು. 1987ರಲ್ಲಿ ಗುಲಬರ್ಗಾದಲ್ಲಿ ಸಾಹಿತ್ಯ ಸಮ್ಮೇಳನವು ನೆರೆದಾಗ ಅಧ್ಯಕ್ಷಪೀಠದಲ್ಲಿ ಅವರೇ ಇದ್ದರು. ಪದವಿಯನ್ನು ಕೊಟ್ಟ ಭಾಷೆ ಒಂದು, ಋಣವನ್ನು ತೀರಿಸಿದ ಭಾಷೆ ಮತ್ತೊಂದು.

ಸನ್ಮಾನಕ್ಕೆ ಬದಲಾಗಿ ಶಿಕ್ಷೆಯನ್ನು ಪಡೆದ ವಿದ್ಯಾರ್ಥಿಗಳ ಕಥೆಯೂ ಆ ವಿಶ್ವವಿದ್ಯಾಲಯದ್ದೇ. 1938ರಲ್ಲಿ ವಿದ್ಯಾರ್ಥಿನಿಲಯದಲ್ಲಿ ವಂದೇ ಮಾತರಂ ಹಾಡಿದುದಕ್ಕಾಗಿ ಅನೇಕರನ್ನು ಹೊರಹಾಕಲಾಯಿತು. ಚಳವಳಿಯು ರಾಜ್ಯದ ಬೇರೆ ಊರುಗಳ ಕಾಲೇಜುಗಳಿಗೂ ಹಬ್ಬಿತು. ಹಾಗೆ ಹೊರಬಿದ್ದವರಿಗೆ ನಾಗಪುರ ವಿಶ್ವವಿದ್ಯಾಲಯವು ಬಾಗಿಲನ್ನು ತೆರೆಯಿತು. ಮುಂದೆ ಭಾರತದ ಪ್ರಧಾನಮಂತ್ರಿಗಳಾದ ಪಿ. ವಿ. ನರಸಿಂಹರಾಯರೂ ಹೀಗೆ ನಾಗಪುರಕ್ಕೆ ಹೋದವರಲ್ಲಿ ಒಬ್ಬರು. ಆ ಹುಡುಗರನ್ನು ಯಾವ ವರ್ಗದ ಸ್ನಾತಕರೆಂದು ಕರೆಯಬೇಕೆಂಬುದನ್ನು ವಾಚಕರೇ ನಿರ್ಣಯಿಸಲಿ.

1948ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಭಾರತದಲ್ಲಿ ಸೇರಿತು. 1956ರಲ್ಲಿ ನಮ್ಮ ಸೀಮೆಯು ಕನ್ನಡ ರಾಜ್ಯಕ್ಕೆ ಬಂದಿತು. ಬಳಿಕ ನಮ್ಮವರು ಪದವಿಗಾಗಿ ಧಾರವಾಡದ ಕಡೆ ಮುಖ ಮಾಡಿದರು. 1970ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವೊಂದು ಗುಲಬರ್ಗಾದಲ್ಲಿ ತೆರೆಯಿತು; 1980ರಲ್ಲಿ ಅದೇ ಗುಲಬರ್ಗಾ ವಿಶ್ವವಿದ್ಯಾಲಯವಾಯಿತು. ನಾವು ಪದವಿಯನ್ನು ಪಡೆದದ್ದು ಅಲ್ಲಿಂದಲೇ. ಘಟಿಕೋತ್ಸವಕ್ಕೆ ಹೋಗಲು ನಮಗೆ ಸಾಧ್ಯವಾಗಲಿಲ್ಲ. ಕೊಳವೆಯಂತೆ ಸುತ್ತಿದ ಪದವಿಪತ್ರವು ಅಂಚೆಯಲ್ಲಿ ಬಂದಿತು. ಅದನ್ನು ತಂದ ಅಂಚೆಯವನು ಹೊಸ್ತಿಲಲ್ಲಿಯೇ ಬಿಚ್ಚಿಸಿ, ನಮ್ಮ ತಂದೆಯವರಿಗೆ ಕೇಳುವಂತೆ ಗಟ್ಟಿಯಾಗಿ ಓದಿ, ಸಕ್ಕರೆ ಬೇಡಿ ತಿಂದು ಹೋದನು. ಅನಂತರ ನಮಗೆ ಆದ ಯಾವ ಸನ್ಮಾನವೂ ಅದಕ್ಕೆ ಸರಿಯಾಗಲಿಲ್ಲ.

2009ರ ಡಿಸೆಂಬರ್ 30ರಂದು ಯಾದಗಿರಿಯು ಪ್ರತ್ಯೇಕ ಜಿಲ್ಲೆಯಾಯಿತು. 2013ರಲ್ಲಿ ಸಂವಿಧಾನದ 371ಜೆ ವಿಧಿಯು ಜಾರಿಗೆ ಬಂದು ಈ ಭಾಗದ ವಿದ್ಯಾಸಂಸ್ಥೆಗಳಲ್ಲಿ ಇಲ್ಲಿಯ ಮಕ್ಕಳಿಗೆ ಶೇಕಡ 70 ಸ್ಥಾನಗಳು ಮೀಸಲಾದುವು. 2021ರಲ್ಲಿ ರಾಯಚೂರಿಗೆ ಬೇರೆಯೇ ವಿಶ್ವವಿದ್ಯಾಲಯವಾಗಿ ಯಾದಗಿರಿ ಜಿಲ್ಲೆಯ ಕಾಲೇಜುಗಳು ಅದರ ಆಶ್ರಯಕ್ಕೆ ಬಂದುವು. ಶಹಾಪುರ ತಾಲ್ಲೂಕಿನ ಭೀಮರಾಯನಗುಡಿಯಲ್ಲಿ ಕೃಷಿ ಮಹಾವಿದ್ಯಾಲಯವಿದೆ. ಇಷ್ಟೆಲ್ಲ ಆದರೂ 2011ರ ಜನಗಣತಿಯ ಒಂದು ಅಂಕಿಯು ನಮ್ಮ ತಲೆಯನ್ನು ತಗ್ಗಿಸುತ್ತದೆ. ಅಕ್ಷರಜ್ಞಾನದಲ್ಲಿ ಯಾದಗಿರಿ ಜಿಲ್ಲೆಯು ರಾಜ್ಯದಲ್ಲಿ ಕಟ್ಟಕಡೆಯದು: ನೂರಕ್ಕೆ 51.83. ಸ್ತ್ರೀಯರಲ್ಲಿ 41.38 ಮಾತ್ರ. ಇಂತಹ ಜಿಲ್ಲೆಯಿಂದ ಒಬ್ಬ ಹುಡುಗಿಯು ಸುವರ್ಣಪದಕವನ್ನು ತಂದಳೆಂದರೆ, ಅವಳ ತಾಯಿಯು ಹೆಬ್ಬೆಟ್ಟಿನವಳಾಗಿರುವ ಸಂಭವವೇ ಹೆಚ್ಚು.

ಸುವರ್ಣಪದಕದ ಮರ್ಮವನ್ನೂ ಒಂದಿಷ್ಟು ಹೇಳಿಬಿಡುತ್ತೇವೆ. ಯಾರೋ ಪುಣ್ಯವಂತರು ತಮ್ಮ ತಂದೆಯ ಅಥವಾ ಗುರುವಿನ ಹೆಸರಿನಲ್ಲಿ ವಿಶ್ವವಿದ್ಯಾಲಯಕ್ಕೆ ಒಂದು ಮೊತ್ತವನ್ನು ದತ್ತಿಯಾಗಿ ಕೊಡುತ್ತಾರೆ. ಆ ಮೂಲಧನವನ್ನು ಮುಟ್ಟದೆ, ವರ್ಷವರ್ಷದ ಬಡ್ಡಿಯಿಂದ ಪದಕವನ್ನು ಮಾಡಿಸುವುದು ಪದ್ಧತಿ. ದತ್ತಿಯನ್ನಿಟ್ಟ ಕಾಲದಲ್ಲಿ ಬಡ್ಡಿಗೆ ಬಂಗಾರವು ಬರುತ್ತಿತ್ತು. ಬಂಗಾರದ ಬೆಲೆಯು ಏರಿತು, ಮೂಲಧನವು ಇದ್ದಲ್ಲಿಯೇ ಇದ್ದಿತು. ಆದುದರಿಂದ ಅನೇಕ ಕಡೆಗಳಲ್ಲಿ ಸುವರ್ಣಪದಕವೆಂಬುದು ಬಂಗಾರದ ನೀರು ಕುಡಿಸಿದ ಬಿಲ್ಲೆಯಾಗಿದೆ. ಇದರಲ್ಲಿ ಮೋಸವೇನೂ ಇಲ್ಲ, ಲೆಕ್ಕವು ಅಷ್ಟೇ. ಆದರೆ ಮನೆಯವರಿಗೆ ಇದು ತಿಳಿದಿರುವುದಿಲ್ಲ. ಅಕ್ಕಸಾಲಿಗನ ಕಲ್ಲಿನ ಮೇಲೆ ಉಜ್ಜಿದ ಮೇಲೆ ತಿಳಿಯುತ್ತದೆ.

ಕೆಲವು ವರ್ಷಗಳ ಹಿಂದೆ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಕನ್ನಡ ಎಂ. ಎ. ಪರೀಕ್ಷೆಯಲ್ಲಿ ಪದಕವನ್ನು ಪಡೆದಳು. ತಂದೆ ಇಲ್ಲ. ತಾಯಿಯು ಹತ್ತಿಯ ಹೊಲಗಳಲ್ಲಿ ಕೂಲಿ ಮಾಡಿ, ಹೊಲದಲ್ಲಿ ಕೆಲಸವಿಲ್ಲದಾಗ ಬೆಂಗಳೂರಿನಲ್ಲಿ ಕಟ್ಟಡದ ಕಲ್ಲು ಹೊತ್ತು ಅವಳನ್ನು ಓದಿಸಿದವಳು. ಊರಿನಲ್ಲಿ ಸನ್ಮಾನವಾಯಿತು. ಮಂಟಪದ ಮುಂದೆ ಆಳೆತ್ತರದ ಪಟ. ಅದರಲ್ಲಿ ಹುಡುಗಿಯ ಮುಖವು ಅಂಗೈಯಷ್ಟು, ವ್ಯವಸ್ಥಾಪಕರ ಮುಖಗಳು ಬುಟ್ಟಿಯಷ್ಟು. ಎರಡು ಗಂಟೆಗಳ ಕಾಲ ಎಲ್ಲರೂ ಮಾತನಾಡಿದರು. ಲಜ್ಜೆಯಿಂದ ಒಪ್ಪಿಕೊಳ್ಳುತ್ತೇವೆ, ನಾವೂ ಕಾಲು ಗಂಟೆ ಮಾತನಾಡಿದೆವು. ಕೊನೆಗೆ ಹುಡುಗಿಗೆ ಎರಡು ಮಾತುಗಳನ್ನು ಹೇಳಲು ಅಪ್ಪಣೆಯಾಯಿತು. ಅವಳು ತಾಯಿಯ ಹೆಸರನ್ನು ಹೇಳಿ ಕುಳಿತಳು. ಆ ಹೆಸರಿನವಳು ಎಲ್ಲಿರುವಳೆಂದು ಆಗ ಹುಡುಕಿದರು. ಕಟ್ಟಕಡೆಯ ಸಾಲಿನಲ್ಲಿ, ಕಂಬದ ಮರೆಯಲ್ಲಿ, ನೆಲದ ಮೇಲೆ ಕುಳಿತಿದ್ದಳು. ಅವಳನ್ನು ಕರೆಯಬೇಕೆಂಬ ನೆನಪು ನಮಗಾರಿಗೂ ಆಗಿರಲಿಲ್ಲ.

ಎಂಟು ದಿನಗಳಾದ ಮೇಲೆ ಆ ತಾಯಿಯು ನಮ್ಮ ಮನೆಗೆ ಬಂದಳು. ಸೆರಗಿನಲ್ಲಿ ಸುತ್ತಿ ತಂದಿದ್ದ ಮೂರು ಶಾಲುಗಳನ್ನು ಜಗಲಿಯ ಮೇಲಿಟ್ಟು, “ಮಾಸ್ತರ್ರೀ, ಈ ಶಾಲು ಅಂಗಡ್ಯಾಗ ತಿರುಗಿ ತಗೋತಾರೇನ್ರಿ?” ಎಂದು ಕೇಳಿದಳು. ಮಗಳಿಗೆ ಬಿ. ಎಡ್. ಪ್ರವೇಶಕ್ಕೆ ಶುಲ್ಕವನ್ನು ಕಟ್ಟಲು ನಾಲ್ಕು ದಿನಗಳು ಮಾತ್ರ ಉಳಿದಿದ್ದುವು. “ಕೇಳಿ ನೋಡೋಣವ್ವಾ” ಎಂದು ಹೇಳಿದೆವಾದರೂ ನಮ್ಮ ಸ್ವರವು ನಮಗೇ ಕೇಳಿಸಲಿಲ್ಲ. ನಮ್ಮ ಮನೆಯವರು ಒಳಗಿನಿಂದ ಬಂದು ಆಕೆಗೆ ನೀರು ಬೆಲ್ಲವನ್ನಿತ್ತು, ಮಾತನಾಡದೆ ನಮ್ಮ ಟ್ರಂಕಿನ ಬೀಗದ ಕೈಯನ್ನು ನಮ್ಮ ಮುಂದಿಟ್ಟರು. ಟ್ರಂಕಿನಲ್ಲಿ ಹತ್ತೊಂಬತ್ತು ಶಾಲುಗಳಿದ್ದುವು. ನಿವೃತ್ತಿಯಂದು ಬಂದವು, ಪುಸ್ತಕ ಬಿಡುಗಡೆಗಳಲ್ಲಿ ಬಂದವು, ಏಕೆ ಬಂದುವೆಂದು ನೆನಪೇ ಇಲ್ಲದವು.

ಇಪ್ಪತ್ತೆರಡು ಶಾಲುಗಳನ್ನು ಎರಡು ಚೀಲಗಳಲ್ಲಿ ಹೊತ್ತು ಪೇಟೆಗೆ ಹೋದೆವು. ಅಂಗಡಿಯ ಸಾಹುಕಾರನು ಸ್ವಲ್ಪವೂ ಆಶ್ಚರ್ಯಪಡಲಿಲ್ಲ. “ಸನ್ಮಾನದ ಶಾಲು ತಿರುಗಿ ಬರ್ತಾವ್ರಿ, ಇದೇನ್ ಹೊಸಾದಲ್ಲ” ಎಂದು ಅರ್ಧ ಬೆಲೆಗೆ ಎಣಿಸಿಕೊಂಡನು. ಹಣವು ಸಾಲದೆ ಬಂದಿತು. ಉಳಿದುದನ್ನು ನಮ್ಮ ಓಣಿಯ ಗೃಹಿಣಿಯರು ಒಂದೇ ಮಧ್ಯಾಹ್ನದಲ್ಲಿ ಕೂಡಿಸಿದರು. ಅವರಲ್ಲಿ ಸಭೆಗೆ ಬಂದವರು ಒಬ್ಬರೂ ಇರಲಿಲ್ಲ.

ಇದಾದಂದಿನಿಂದ ನಮ್ಮ ಓಣಿಯಲ್ಲಿ ಒಂದು ಸಣ್ಣ ಏರ್ಪಾಡು ನಡೆದು ಬಂದಿದೆ. ಪದವಿಯನ್ನು ಪಡೆದವರಿಗೆ ಮಾತ್ರವಲ್ಲ, ಕೊನೆಯ ವರ್ಷದಲ್ಲಿ ಓದುತ್ತಿದ್ದು ಶ್ರದ್ಧೆಯಿಂದ ಹೆಸರಾದವರಿಗೂ ಒಬ್ಬೊಬ್ಬರ ಮನೆಯಲ್ಲಿ ಊಟವನ್ನಿಡುವುದು. ಜೋಳದ ರೊಟ್ಟಿ, ತೊಗರಿಯ ಬೇಳೆ, ಕೊನೆಗೊಂದು ಸಿಹಿ. ಮಧುಪರ್ಕದ ಹೆಸರಿನಲ್ಲಿ ನಾವು ಮೊಸರಿಗೆ ಜೇನುತುಪ್ಪವನ್ನು ಹಾಕಿಸುತ್ತೇವೆ, ಮಕ್ಕಳು ನಗುತ್ತಾರೆ. ತಾಯಿತಂದೆಗಳು ಮಣೆಯ ಮೇಲೆ, ನಾವು ಚಾಪೆಯ ಮೇಲೆ. ಮುಂದಿನ ವರ್ಷದ ಓದಿಗೆ ಏನು ಬೇಕೆಂಬುದನ್ನು ಊಟದ ನಡುವೆಯೇ ಕೇಳಿ ಬರೆದುಕೊಳ್ಳುವುದು. ಭಾಷಣವಿಲ್ಲ. ಹಿಂದೆ ಪದವಿಯನ್ನು ಪಡೆದು ಉದ್ಯೋಗದಲ್ಲಿರುವವರನ್ನೂ ಅದೇ ಪಂಕ್ತಿಗೆ ಕರೆಯುತ್ತೇವೆ. ಬಡಿಸುವ ಕೆಲಸವು ಅವರದು. ಅರ್ಜಿ ತುಂಬಿಸುವುದು, ವಸತಿಗೃಹದ ವಿಚಾರ ಹೇಳುವುದು, ಸಾಲ ಎಲ್ಲಿ ದೊರೆಯುವುದೆಂದು ತಿಳಿಸುವುದು, ಇವೆಲ್ಲ ಬಡಿಸುತ್ತ ಆಗಿಹೋಗುತ್ತವೆ. ನಾಗಾವಿಯ ದಂಡನಾಯಕನು ವಿದ್ಯಾರ್ಥಿಗಳ ಊಟದಿಂದ ಮೊದಲು ಮಾಡಿದ್ದು ಏಕೆಂಬುದು ನಮಗೆ ಅರವತ್ತನೆಯ ವಯಸ್ಸಿನಲ್ಲಿ ತಿಳಿಯಿತು. ಕೆಲವರು ಇದನ್ನು ಜಿಪುಣತನವೆಂದು ಆಡಿಕೊಳ್ಳುತ್ತಾರೆ. ಪತ್ರಿಕೆಯಲ್ಲಿ ಚಿತ್ರವು ಬರುವುದಿಲ್ಲವೆಂದು ಒಂದಿಬ್ಬರು ಹಿಂದೆ ಸರಿದದ್ದೂ ಉಂಟು.

ಆ ಹುಡುಗಿಯು ಈಗ ಸುರಪುರ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಉಪಾಧ್ಯಾಯಿನಿಯಾಗಿದ್ದಾಳೆ. ಕಳೆದ ತಿಂಗಳು ತಾಯಿಯೊಡನೆ ನಮ್ಮ ಮನೆಗೆ ಬಂದಿದ್ದಳು. ತಾಯಿಯು ಮಗಳಿಂದ ಸಹಿ ಮಾಡಲು ಕಲಿತು, ಬ್ಯಾಂಕಿನಲ್ಲಿ ಹೆಬ್ಬೆಟ್ಟು ಒತ್ತುವುದನ್ನು ಬಿಟ್ಟಿದ್ದಾಳೆ. ನಮ್ಮ ಎದುರಿಗೆ ಹಾಳೆಯ ಮೇಲೆ ಬರೆದು ತೋರಿಸಿದಳು. ತನ್ನ ಶಾಲೆಯ ಇಬ್ಬರು ಹುಡುಗಿಯರು ಈ ವರ್ಷ ಪಿ. ಯು. ತರಗತಿಗೆ ಸೇರಿದ್ದಾರೆ, ಪುಸ್ತಕಗಳಿಗೂ ಹಾಸಿಗೆಗೂ ಹಣ ಬೇಕಾಗಿದೆ ಎಂದು ಮಗಳು ಹೇಳಿ, ನಮ್ಮ ಟ್ರಂಕಿನಲ್ಲಿ ಶಾಲುಗಳೇನಾದರೂ ಮತ್ತೆ ಸೇರಿವೆಯೇ ಎಂದು ಕೇಳಿದಳು.

ನಾಲ್ಕಿದ್ದುವು.